ರೀಲ್ ರಾಯರು

ರೀಲ್ ರಾಯರನ್ನು ನೀವು ಕಂಡೇ ಇರುತ್ತೀರಿ. ಭಾನುವಾರ ಬೆಳಗ್ಗೆ ಲಾಲ್‌ಬಾಗಿನ ಬಂಡೆಯ ಮೇಲೋ, ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಎದುರೋ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಹಳೇ ಕ್ಯಾಮೆರಾಕ್ಕೆ ಒತ್ತಿ, ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ವಯಸ್ಸು ನಲವತ್ತು ದಾಟಿದೆ, ಐವತ್ತು ಮುಟ್ಟಿಲ್ಲ. ಖಾದಿ ಜುಬ್ಬ, ಜೀನ್ಸು, ಕೊರಳಿಗೆ ಚರ್ಮದ ಪಟ್ಟಿ. ವಾರದ ಐದು ದಿನ ವೈಟ್‌ಫೀಲ್ಡಿನಲ್ಲಿ ಕ್ಲೌಡು, ಡೇಟಾ ಎಂದು ದುಡಿಯುತ್ತಾರೆ. ಉಳಿದೆರಡು ದಿನ ಅವನ್ನೇ ಬೈಯುತ್ತಾರೆ. ಜೇಬಿನಲ್ಲಿ ಮೂರು ಲೆನ್ಸಿನ ಫೋನಿದೆ. ಆದರೆ ಅದರಲ್ಲಿ ತೆಗೆದದ್ದು ಫೋಟೋನೇ ಅಲ್ಲವಂತೆ.

"ಅದು ಬರೀ ಲೆಕ್ಕ ಸಾರ್. ಸೊನ್ನೆ, ಒಂದು, ಸೊನ್ನೆ, ಒಂದು. ಇದರಲ್ಲಿ ನೋಡಿ, ಬೆಳಕು ಹೋಗಿ ಬೆಳ್ಳೀನ ಮುಟ್ಟುತ್ತೆ."

ಮಾತು ಸುಳ್ಳಲ್ಲ. ಫಿಲಂ ಮೇಲಿನ ಲೇಪದಲ್ಲಿ ಬೆಳ್ಳಿಯ ಲವಣ ಇರುವುದು ನಿಜ, ಬೆಳಕು ಬಿದ್ದಾಗ ಅದು ಬದಲಾಗುವುದೂ ನಿಜ. ಆದರೆ ರಾಯರು ಹಾಕುವುದು ಕಲರ್ ರೀಲು. ಕಲರ್ ಫಿಲಂ ತೊಳೆದು ಮುಗಿಯುವ ಹೊತ್ತಿಗೆ ಅದರಲ್ಲಿದ್ದ ಬೆಳ್ಳಿಯೆಲ್ಲ ಹೊರಟುಹೋಗಿ ಬಣ್ಣ ಮಾತ್ರ ಉಳಿದಿರುತ್ತದೆ. ಇದನ್ನು ರಾಯರಿಗೆ ತಿಳಿಸಲು ಈ ಬೀದಿಯಲ್ಲಿ ಯಾರೂ ಮುಂದೆ ಬಂದಿಲ್ಲ.

ಕ್ಯಾಮೆರಾ ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ಹೆಚ್ಚುಕಮ್ಮಿ ಒಂದೇ ರೂಪದಲ್ಲಿ ತಯಾರಾದ ಗಟ್ಟಿ ಪಿಂಡ. ಫೋಟೋಗ್ರಫಿ ಕಲಿಯುವ ಹುಡುಗರ ಕೈಗೆ ಕೊಡುತ್ತಿದ್ದುದು ಇದನ್ನೇ; ಕೆಡಲು ಇದರಲ್ಲಿ ಏನೂ ಇರಲಿಲ್ಲ. ಫೋಕಸ್ಸು ಕೈಯಲ್ಲಿ, ಶಟರ್ ವೇಗ ಕೈಯಲ್ಲಿ, ರೀಲು ಮುಂದೂಡುವುದೂ ಕೈಯಲ್ಲಿ. ಒಳಗೊಂದು ಗುಂಡಿ ಬ್ಯಾಟರಿ ಇದೆ, ಅದು ಬೆಳಕಿನ ಮೀಟರಿಗೆ ಮಾತ್ರ. ಈ ಮೀಟರಿಗೆ ಸ್ವಿಚ್ಚಿಲ್ಲ. ಲೆನ್ಸಿಗೆ ಮುಚ್ಚಳ ಹಾಕಿದರೆ ಮಲಗುತ್ತದೆ, ತೆಗೆದರೆ ಏಳುತ್ತದೆ. ರಾಯರು ಮನೆಗೆ ಬಂದವರಿಗೆಲ್ಲ ಲೆನ್ಸು ಕಾಣಲಿ ಎಂದು ಮುಚ್ಚಳ ತೆಗೆದು, ಹಾಲಿನ ಷೋಕೇಸಿನಲ್ಲಿ ದಸರಾ ಗೊಂಬೆಗಳ ಪಕ್ಕ ಇಟ್ಟರು. ಸ್ವಲ್ಪ ದಿನದಲ್ಲೇ ಬ್ಯಾಟರಿ ತೀರಿಕೊಂಡಿತು.

"ಪರವಾಗಿಲ್ಲ ಸಾರ್. ಬ್ಯಾಟರಿ ಇಲ್ದೇನೂ ಶಟರ್ ಹೊಡೆಯುತ್ತೆ, ಅದೇ ಇದರ ಗತ್ತು" ಎಂದ ರಾಯರು ಬೆಳಕು ಅಳೆಯಲು ಫೋನಿಗೆ ಒಂದು ಆ್ಯಪ್ ಹಾಕಿಕೊಂಡರು. ಈಗ ಫೋಟೋ ತೆಗೆಯಬೇಕಾದರೆ ಮೊದಲು ಫೋನನ್ನು ಎದುರಿನವರ ಮುಖಕ್ಕೆ ಹಿಡಿಯುತ್ತಾರೆ. ಫೋನಿನ ಕ್ಯಾಮೆರಾ ಆ ಮುಖ ನೋಡಿ, ಬೆಳಕು ಲೆಕ್ಕ ಹಾಕಿ, ಇಷ್ಟು ತೆರೆ, ಇಷ್ಟು ವೇಗ ಎಂದು ಹೇಳುತ್ತದೆ. ರಾಯರು ಅದನ್ನು ಜೇಬಿಗಿಟ್ಟು ಪೆಂಟಾಕ್ಸ್ ಎತ್ತುತ್ತಾರೆ. ಅಷ್ಟರಲ್ಲಿ ಆ ಮುಖ ಬೇರೆ ಕಡೆ ತಿರುಗಿರುತ್ತದೆ.

ರಾಯರ ನಿಜವಾದ ರೂಪ ನೋಡಬೇಕಾದರೆ ಅವರು ರೀಲು ತುಂಬುವಾಗ ನೋಡಬೇಕು. ಅವರ ಅಣ್ಣನ ಮಗಳ ಸೀಮಂತದ ದಿನ ಆ ಭಾಗ್ಯ ನಮಗೆಲ್ಲ ಒದಗಿತು. ಬಸುರಿ ಹಸಿರು ಸೀರೆ ಉಟ್ಟು ಹಸೆಯ ಮೇಲೆ ಕೂತಿದ್ದಳು. ಆರತಿ ತಟ್ಟೆ ಹಿಡಿದ ಮುತ್ತೈದೆಯರು ಸಾಲಾಗಿ ನಿಂತಿದ್ದರು. ಹಿಂದುಗಡೆ ಎಲೆ ಹಾಕಿ ಆಗಿತ್ತು. ಆಗ ರಾಯರು, "ಒಂದ್ನಿಮಿಷ, ರೀಲ್ ಹಾಕ್ಕೋಬೇಕು" ಎಂದರು.

ಬಿಸಿಲು ತಾಗಬಾರದೆಂದು ಉಗ್ರಾಣದ ಬಾಗಿಲ ಮರೆಗೆ ಹೋದರು. ಮಡಿ ಉಟ್ಟ ಅಜ್ಜಿಯ ಹಾಗೆ ಯಾರೂ ಹತ್ತಿರ ಬರದಂತೆ ಮೊಣಕೈ ಹರಡಿ ನಿಂತರು. ಎಡಗಡೆಯ ತಿರುಪನ್ನು ಮೇಲಕ್ಕೆಳೆದರು. ಕ್ಯಾಮೆರಾದ ಬೆನ್ನು ಟಪ್ಪೆಂದು ತೆರೆಯಿತು. ಡಬ್ಬಿಯಿಂದ ರೀಲು ತೆಗೆದು, ಮೂಸಿ, ನಮಗೂ ಮೂಸಲು ಕೊಟ್ಟು, ಎಡಗಡೆಯ ಗೂಡಿನಲ್ಲಿ ಕೂರಿಸಿದರು. ನಾಲಿಗೆ ಚಾಚಿದಂತಿದ್ದ ಫಿಲಮಿನ ತುದಿಯನ್ನು ಬಲಗಡೆಯ ಉರುಳೆಯ ಸೀಳಿಗೆ ಸಿಕ್ಕಿಸಲು ಹೊರಟರು. ಸಿಕ್ಕಿತು. ಬಿಟ್ಟಿತು. ಮತ್ತೆ ಸಿಕ್ಕಿಸಿದರು, ಮತ್ತೆ ಬಿಟ್ಟಿತು. "ಇದನ್ನ ಅವಸರ ಮಾಡಬಾರದು" ಎಂದು ಅಡುಗೆ ಭಟ್ಟರಿಗೆ ಹೇಳಿದರು. ಭಟ್ಟರು ತಲೆದೂಗಿ ಸಾರಿನ ಕೆಳಗಿನ ಉರಿ ಸಣ್ಣ ಮಾಡಿದರು. ಕೊನೆಗೂ ತುದಿ ಕೂತಂತೆ ಕಂಡಿತು. ಬೆನ್ನು ಮುಚ್ಚಿ, ಎರಡು ಖಾಲಿ ಹೊಡೆತ ಹೊಡೆದು, ಲೆಕ್ಕದ ಮುಳ್ಳು ಒಂದಕ್ಕೆ ಬಂದದ್ದನ್ನು ಎಲ್ಲರಿಗೂ ತೋರಿಸಿದರು.

ಅಷ್ಟು ಹೊತ್ತಿಗೆ ಅಣ್ಣನ ಮಗ ಫೋನಿನಲ್ಲಿ ಆರತಿಯೆಲ್ಲ ತೆಗೆದು ಕುಟುಂಬದ ಗ್ರೂಪಿಗೆ ಕಳಿಸಿ ಆಗಿತ್ತು. ನ್ಯೂಜೆರ್ಸಿಯಲ್ಲಿದ್ದ ಮಾವ ಕೈಮುಗಿದ ಚಿತ್ರ ಕಳಿಸಿಯೂ ಆಗಿತ್ತು. ರಾಯರು ಮುತ್ತೈದೆಯರನ್ನು ಮತ್ತೆ ನಿಲ್ಲಿಸಿ ಮತ್ತೆ ಆರತಿ ಎತ್ತಿಸಿದರು. ಸಂಜೆಯವರೆಗೆ ನಿಧಾನವಾಗಿ, ಒಂದೊಂದಕ್ಕೂ ಯೋಚಿಸಿ ಹೊಡೆದರು. ಮೂವತ್ತಾರು ಮುಗಿಯಿತು. ಮೂವತ್ತೇಳೂ ಬಂತು. ಮೂವತ್ತೆಂಟೂ ಬಂತು. "ನೋಡಿ, ಬೋನಸ್ಸು!" ಎಂದರು. ಆ ಸಂತೋಷದಲ್ಲಿ ನನ್ನದೂ ಒಂದು ತೆಗೆದರು.

ಎನ್.ಆರ್. ಕಾಲೊನಿಯ ಕಡೆ ಒಂದು ಹಳೆಯ ಸ್ಟುಡಿಯೋ ಇದೆ. ಯಜಮಾನರು ಈಗ ಪಾಸ್‌ಪೋರ್ಟ್ ಸೈಜು, ಆಧಾರ್ ಲ್ಯಾಮಿನೇಷನ್ನು, ಜೆರಾಕ್ಸಿನಲ್ಲಿ ಕಾಲ ಹಾಕುತ್ತಿದ್ದಾರೆ. ರೀಲಿನ ಕಾಲದಲ್ಲಿ ಅವರು ತೆಗೆದ ಮದುವೆಗಳ ದಂಪತಿಗಳು ಈಗ ಮೊಮ್ಮಕ್ಕಳ ಪಾಸ್‌ಪೋರ್ಟ್ ಫೋಟೋಕ್ಕೆ ಅಲ್ಲಿಗೇ ಬರುತ್ತಾರೆ. ರಾಯರು ಅಲ್ಲಿಗೆ ಹೋಗಿ, ಹೆಮ್ಮೆಯಿಂದ ಕ್ಯಾಮೆರಾ ಕೌಂಟರಿನ ಮೇಲಿಟ್ಟರು. ಯಜಮಾನರು ಒಂದು ಸಲ ಲಿವರ್ ಎಳೆದು, ಎಡಗಡೆಯ ತಿರುಪನ್ನು ನೋಡಿ, ನಕ್ಕರು.

"ರೀಲು ಮುಂದಕ್ಕೆ ಹೋದ್ರೆ ಈ ತಿರುಪು ತಾನೇ ಸುತ್ತಬೇಕು ಸಾರ್. ಅಲ್ಲಾಡ್ತಾನೇ ಇಲ್ವಲ್ಲ?" ಎಂದು ಬೆನ್ನು ತೆರೆದೇಬಿಟ್ಟರು. ರಾಯರು "ಅಯ್ಯೋ!" ಎಂದು ಕೂಗಿಕೊಂಡರು. ಒಳಗೆ ಫಿಲಮಿನ ನಾಲಿಗೆ ಹಾಕಿದ ಹಾಗೇ ಇತ್ತು. ಒಂದು ಅಂಗುಲವೂ ಮುಂದೆ ಹೋಗಿರಲಿಲ್ಲ. ಲೆಕ್ಕದ ಮುಳ್ಳು ನೋಡುವುದು ಲಿವರನ್ನೇ ಹೊರತು ಫಿಲಮನ್ನಲ್ಲ.

"ದುಡ್ಡು ಹೋಗಿಲ್ಲ ಬಿಡಿ ಸಾರ್" ಎಂದು ಯಜಮಾನರು ಸಮಾಧಾನ ಹೇಳಿದರು. "ರೀಲು ಹೊಸದಾಗೇ ಇದೆ. ಸೀಮಂತ ಹೋಯ್ತು, ಅಷ್ಟೆ."

ಬೇರೆಯವರಾಗಿದ್ದರೆ ಕ್ಯಾಮೆರಾ ಮಾರಿಬಿಡುತ್ತಿದ್ದರು. ರಾಯರು ಮನೆಗೆ ಬರುವಷ್ಟರಲ್ಲಿ ಚೇತರಿಸಿಕೊಂಡಿದ್ದರು. "ಆ ಕ್ಷಣಗಳು ನನಗೆ ಸಿಕ್ಕಿವೆ ಸಾರ್, ಫಿಲಂಗೆ ಸಿಕ್ಕಿಲ್ಲ" ಎಂದರು. ಅವರ ಅತ್ತಿಗೆ ಇದನ್ನು ಹೇಗೆ ತೆಗೆದುಕೊಂಡರೆಂದು ನಾನು ವಿಚಾರಿಸಲಿಲ್ಲ.

ಯಜಮಾನರು ಅದೇ ರೀಲನ್ನು ಸ್ಟುಡಿಯೋದಲ್ಲೇ ತುಂಬಿಕೊಟ್ಟದ್ದನ್ನು ಮಾತ್ರ ನಾನು ಮರೆಯಲಾರೆ. ಒಬ್ಬ ಹುಡುಗ ಸ್ಟೂಲಿನ ಮೇಲೆ ಕೂತಿದ್ದ. ಅವನಿಗೆ "ಗದ್ದ ಒಂಚೂರು ಮೇಲೆ" ಎನ್ನುತ್ತಲೇ ತುದಿಯನ್ನು ಸೀಳಿಗೆ ತುರುಕಿದರು. ಲಿವರ್ ಎಳೆದು, ಎರಡೂ ಕಡೆಯ ತೂತುಗಳಲ್ಲಿ ಹಲ್ಲು ಕಚ್ಚಿವೆಯೇ ಎಂದು ಹೆಬ್ಬೆರಳಲ್ಲಿ ಸವರಿ, ಬೆನ್ನು ಮುಚ್ಚಿ, ತಿರುಪನ್ನು ಬಿಗಿಯಾಗುವಷ್ಟು ಮಾತ್ರ ತಿರುಗಿಸಿದರು. ಹುಡುಗನ ಗದ್ದ ಮೇಲೇರುವ ಮೊದಲೇ ಕೆಲಸ ಮುಗಿದಿತ್ತು.

"ತಾಳಿ ಕಟ್ಟೋ ಹೊತ್ತಿಗೆ ಮೂವತ್ತನಾಲ್ಕು ತೋರಿಸ್ತಿದ್ರೆ ಎದೆ ಢವಢವ ಅಂತಿತ್ತು ಸಾರ್. ಗಟ್ಟಿಮೇಳ ಶುರುವಾದ್ಮೇಲೆ ನಮಗೋಸ್ಕರ ಯಾರು ಕಾಯ್ತಾರೆ? ಅದಕ್ಕೇ ಎರಡು ಫ್ರೇಂ ಹಾಳಾದ್ರೂ ಪರವಾಗಿಲ್ಲ ಅಂತ ಮೊದ್ಲೇ ಸುತ್ತಿ ತೆಗೆದು ಹೊಸ ರೀಲ್ ಹಾಕ್ತಿದ್ವಿ. ಬ್ಲಾಕ್ ಅಂಡ್ ವೈಟ್‌ನಲ್ಲಿ ಊಟಿ ‘ಇಂದು’ ಬಳಸ್ತಿದ್ವಿ."

ಊಟಿಯ ಹೆಸರು ಕೇಳಿ ರಾಯರ ಕಣ್ಣು ಅರಳಿತು. ಅಲ್ಲಿ ‘ಇಂದು’ ತಯಾರಿಸುತ್ತಿದ್ದ, 1960ರಲ್ಲಿ ಶುರುವಾದ ಸರ್ಕಾರಿ ಕಂಪನಿ, ಹಿಂದೂಸ್ತಾನ್ ಫೋಟೋ ಫಿಲಮ್ಸ್, ಈಗ ಮುಚ್ಚಿಹೋಗಿದೆ. "ಎಂಥಾ ದಿನಗಳು ಅಲ್ವಾ ಯಜಮಾನ್ರೇ!"

"ಏನ್ ದಿನ ಸಾರ್! ಕೆಮಿಕಲ್‌ಗೆ ಉಗುರೆಲ್ಲ ಕಂದು ಬಣ್ಣ. ಡಿಜಿಟಲ್ ಬಂದಾಗ ದೇವರಿಗೆ ತುಪ್ಪದ ದೀಪ ಹಚ್ಚಿದೆ."

ಇಷ್ಟಾದ ಮೇಲೆ ಮಗು ಹುಟ್ಟಿತು, ನಾಮಕರಣವಾಯಿತು. ಈ ಸಲ ತಿರುಪು ಸರಿಯಾಗಿಯೇ ತಿರುಗಿತು. ಆದರೆ ಒಳಗೆ ಕತ್ತಲೆಯೆಂದು ರಾಯರು ಫ್ಲಾಷ್ ಹಾಕಿದರು. ಈ ಕ್ಯಾಮೆರಾದಲ್ಲಿ ಶಟರ್ ಎಂದರೆ ಅಡ್ಡಡ್ಡ ಓಡುವ ಎರಡು ಬಟ್ಟೆಯ ಪರದೆ. ಫ್ಲಾಷಿಗೆ ವೇಗ ಅರವತ್ತಕ್ಕಿಂತ ಮೇಲೆ ಇರಬಾರದು. ಇದ್ದರೆ ಮಿಂಚು ಹೊಡೆಯುವಾಗ ಒಂದು ಪರದೆ ದಾರಿಯಲ್ಲೇ ಇರುತ್ತದೆ. ರಾಯರು 125ಕ್ಕೆ ಇಟ್ಟಿದ್ದರು. ಫೋಟೋಗಳಲ್ಲಿ ಮಗುವಿದೆ, ತೊಟ್ಟಿಲಿದೆ, ತೊಟ್ಟಿಲು ತೂಗುವ ಅಜ್ಜಿಯ ಒಂದು ಕೈ ಇದೆ. ಅಪ್ಪನ ಕಡೆಯವರೆಲ್ಲ ಕತ್ತಲಲ್ಲಿದ್ದಾರೆ. ಬೀಗರ ನಡುವೆ ಇದು ಸ್ವಲ್ಪ ದಿನ ಮಾತಾಯಿತು.

ಆದರೂ ಆ ರೀಲಿನಲ್ಲಿ ಒಂದು ಚಿತ್ರವಿತ್ತು. ಫೋಕಸ್ ತಿರುಗಿಸುತ್ತಾ ಒಲೆಯ ಕಡೆ ನೋಡುತ್ತಿದ್ದಾಗ ರಾಯರು ಹೊಡೆದದ್ದು. ಅಡುಗೆ ಭಟ್ಟರು ಬಡಿಸುವ ಗಲಾಟೆಗೆ ಮೊದಲು ಸೌಟು ಕೆಳಗಿಟ್ಟು, ಕಾಲು ಚಾಚಿ, ಲೋಟದ ಕಾಫಿಗೆ ಊದುತ್ತಿದ್ದಾರೆ. ಆ ದಿನ ಫೋನುಗಳು ಅದೆಷ್ಟು ಫೋಟೋ ತೆಗೆದವೋ, ಒಂದರಲ್ಲೂ ಭಟ್ಟರಿಲ್ಲ. ನಿಧಾನದ ಮನುಷ್ಯನಿಗೆ ಮಾತ್ರ ಸಿಗುವ ಚಿತ್ರ ಅದು, ನಾನು ಒಪ್ಪುತ್ತೇನೆ. ಆದರೆ ರಾಯರಿಗೆ ಆ ಚಿತ್ರ ಅಷ್ಟೇನೂ ಹಿಡಿಸಲಿಲ್ಲ. "ಮೀಟರಿಂಗ್ ಸರಿಯಿಲ್ಲ" ಎಂದರು.

ಒಂದು ರೀಲಿಗೆ ಈಗ ಸಾವಿರ ರೂಪಾಯಿಯ ಆಸುಪಾಸು. ತೊಳೆಸಿ, ಸ್ಕ್ಯಾನ್ ಮಾಡಿಸುವ ಖರ್ಚು ಬೇರೆ. ಸ್ಕ್ಯಾನು ಇಮೇಲಿನಲ್ಲಿ ಫೋನಿಗೆ ಬರುತ್ತದೆ, ಫೋನಿನಿಂದ ಇನ್‌ಸ್ಟಾಗ್ರಾಮಿಗೆ ಹೋಗುತ್ತದೆ. ಬೆಳ್ಳಿಯನ್ನು ಮುಟ್ಟಿ ಬಂದ ಬೆಳಕು ಕೊನೆಗೆ ಸೊನ್ನೆ-ಒಂದೇ ಆಗಿಬಿಡುತ್ತದಲ್ಲ ಎಂದರೆ ರಾಯರಿಗೆ ಕೋಪ ಬರುತ್ತದೆ. ಈಚೆಗೆ ಅವಧಿ ಮುಗಿದ ರೀಲುಗಳ ಹುಚ್ಚು ಬೇರೆ ಹಿಡಿದಿದೆ. ನಿನ್ನೆಯ ತಾರೀಖಿನ ಬ್ರೆಡ್ಡು ಕೊಟ್ಟನೆಂದು ಅಂಗಡಿಯವನ ಜೊತೆ ಜಗಳವಾಡಿ ಬಂದ ಮನುಷ್ಯ, 2009ರಲ್ಲಿ ಅವಧಿ ಮುಗಿದ ರೀಲಿಗೆ ಹೊಸದರ ಬೆಲೆ ಕೊಟ್ಟು ತಂದಿದ್ದಾರೆ. "ಬಣ್ಣ ಏನ್ ಬರುತ್ತೋ ಹೇಳಕ್ಕಾಗಲ್ಲ ಸಾರ್, ಅದೇ ಮಜಾ." ರೀಲುಗಳಿರುವುದು ಫ್ರಿಜ್ಜಿನಲ್ಲಿ, ದೋಸೆ ಹಿಟ್ಟಿನ ಪಾತ್ರೆಯ ಹಿಂದೆ. ಮನೆಯಲ್ಲಿ ಈ ಹವ್ಯಾಸದಿಂದ ಏನಾದರೂ ಲಾಭ ಪಡೆದವರೆಂದರೆ ಅವರ ತಾಯಿ: ರೀಲಿನ ಖಾಲಿ ಡಬ್ಬಿಗಳಲ್ಲಿ ಇಂಗು, ಕುಂಕುಮ, ಊರಿಗೆ ಹೋಗುವಾಗಿನ ಅಡಿಕೆ ಪುಡಿ.

ಮೊನ್ನೆಯಿಂದ ರಾಯರು ಬ್ಲಾಕ್ ಅಂಡ್ ವೈಟಿಗೆ ಬಂದಿದ್ದಾರೆ, ಮನೆಯಲ್ಲೇ ತೊಳೆಯುತ್ತಾರಂತೆ. ಬಚ್ಚಲಮನೆಯ ಗವಾಕ್ಷಿಗೆ ಕಪ್ಪು ಕಾಗದ ಅಂಟಿಸಿದರು. ಡೆವಲಪರ್ ಇಪ್ಪತ್ತು ಡಿಗ್ರಿಯಲ್ಲಿರಬೇಕು, ಬೆಂಗಳೂರಿನ ಏಪ್ರಿಲ್‌ನಲ್ಲಿ ನೀರು ಎಲ್ಲಿ ಇಪ್ಪತ್ತಕ್ಕೆ ಬರುತ್ತದೆ? ಫ್ರಿಜ್ಜಿನ ಐಸು ಖಾಲಿಯಾಯಿತು. ಡಾರ್ಕ್‌ರೂಮು ಎಂದರೆ ಕೆಂಪು ದೀಪ ಎಂದು ಸಿನಿಮಾದಲ್ಲಿ ನೋಡಿದ್ದ ರಾಯರು ದೇವರ ಮನೆಯ ಕೆಂಪು ಝೀರೋ ಬಲ್ಬು ಕಿತ್ತು ತಂದು ಬಚ್ಚಲಿಗೆ ಹಾಕಿ, ಅದರ ಬೆಳಕಿನಲ್ಲಿ ರೀಲು ಬಿಚ್ಚಿದರು. ನೆಗೆಟಿವ್ ಪೂರ್ತಿ ಮಸಿಯಾಗಿ ಬಂತು.

"ಕೆಂಪು ದೀಪ ಪ್ರಿಂಟ್ ಕಾಗದಕ್ಕೆ ಸಾರ್" ಎಂದರು ಸ್ಟುಡಿಯೋ ಯಜಮಾನರು. "ಈ ಫಿಲಂಗೆ ಯಾವ ದೀಪಾನೂ ಕೂಡದು. ಟ್ಯಾಂಕಿನ ಮುಚ್ಚಳ ಹಾಕೋವರೆಗೆ ಪೂರ್ತಿ ಕತ್ತಲೆ."

ಈಗ ರಾಯರು ಬೆಳಗಿನ ಜಾವ ಬಚ್ಚಲಿನ ಕಗ್ಗತ್ತಲಲ್ಲಿ ಕೂತು, ಕೈತಡವಿ ರೀಲನ್ನು ಟ್ಯಾಂಕಿನ ಸುರುಳಿಗೆ ಸುತ್ತುವುದನ್ನು ಕಲಿಯುತ್ತಿದ್ದಾರೆ. ಹೊರಗೆ ಟವೆಲ್ಲು ಹಿಡಿದು ತಾಯಿ ಬಾಗಿಲು ಬಡಿಯುತ್ತಾರೆ.

"ದೀಪನಾದ್ರೂ ಹಾಕ್ಕೊಳೋ, ಎಲ್ಲಾದ್ರೂ ಜಾರಿ ಬಿದ್ದೀಯ!"

"ದೀಪ ಹಾಕಿದ್ರೆ ಹಾಳಾಗುತ್ತಮ್ಮಾ!"

"ಹಾಗಿದ್ರೆ ನನ್ನ ದೇವರ ಮನೆ ಬಲ್ಬು ವಾಪಸ್ ಕೊಡು."