ಎಪ್ಪತ್ತೈದು ನಿರಾಶ್ರಿತರು

ಮುಂಬಯಿಯಲ್ಲಿ ಜಾಗ ಸಾಲದವರನ್ನು ಖಾಡಿಯಾಚೆ ಸಾಗಿಸುವುದು ಮಹಾರಾಷ್ಟ್ರ ಸರ್ಕಾರದ ಹಳೆಯ ಧರ್ಮ. 1970ರ ಮಾರ್ಚ್‌ನಲ್ಲಿ ನಗರ ಕಟ್ಟುವ ನಿಗಮ ಸಿಡ್ಕೋ ಹುಟ್ಟಿದ್ದೇ ಅದಕ್ಕೆ. ಮಸೀದಿ ಬಂದರಿನ ಈರುಳ್ಳಿ-ಬಟಾಟೆ ಮೂಟೆಗಳು ವಾಶಿಗೆ ಬಂದವು. ಚಾಳಿನಲ್ಲಿ ಕಾಲು ಚಾಚಿದರೆ ಪಕ್ಕದ ಮನೆಯವರ ದಿಂಬಿಗೆ ತಾಗುತ್ತಿದ್ದ ನಮ್ಮಂಥವರು ಬಂದೆವು. ನನ್ನ ಪಾಲಿಗೆ ಸಿಕ್ಕಿದ್ದು ಐರೋಲಿ. ಈಗ ಹೊಸದೊಂದು ಬಡಪಾಯಿ ವರ್ಗ ಗಂಟುಮೂಟೆ ಕಟ್ಟಿಕೊಂಡು ಬರುತ್ತಿದೆ: ಖಾಸಗಿ ಜೆಟ್ ವಿಮಾನಗಳು.

ನಗಬೇಡಿ. ಅವುಗಳ ಕಷ್ಟ ಕೇಳಿದರೆ ಕರುಳು ಚುರ್ ಎನ್ನುತ್ತದೆ. ಸಾಂತಾಕ್ರೂಜಿನ ನಿಲ್ದಾಣದಲ್ಲಿ ಇರುವುದು ಎರಡು ರನ್‌ವೇ, ಅವೂ ಒಂದನ್ನೊಂದು ಕತ್ತರಿಸುತ್ತವೆ. ಅದರ ಮೇಲೆ ದಿನಕ್ಕೆ ಸಾವಿರದ ಹತ್ತಿರ ವಿಮಾನ ಏರಬೇಕು, ಇಳಿಯಬೇಕು. ಇನ್ನೂರು ಜನರನ್ನು ತುಂಬಿಕೊಂಡು ಬರುವ ವಿಮಾನಗಳ ಸಾಲಿನಲ್ಲಿ, ಒಬ್ಬ ಯಜಮಾನರು, ಅವರ ಪಿ.ಎ. ಮತ್ತು ಒಂದು ನಾಯಿಯನ್ನು ಹೊತ್ತ ಜೆಟ್ಟಿಗೆ ಪೀಕ್ ಅವರ್‌ನಲ್ಲಿ ನಿರ್ಬಂಧ. ಇಳಿದರೂ ನಿಲ್ಲಲು ಜಾಗವಿಲ್ಲ. ಯಜಮಾನರನ್ನು ಕಲೀನಾದ ಎಂಟನೇ ಗೇಟಿನ ಬಳಿ ಇಳಿಸಿ, ರಾತ್ರಿ ಮಲಗಲು ಬೇರೆ ಊರಿಗೆ ಹಾರಿಹೋಗಿ, ಬೆಳಿಗ್ಗೆ ಮತ್ತೆ ಡ್ಯೂಟಿಗೆ ಹಾಜರಾಗಬೇಕು. ಡೊಂಬಿವಲಿಯ ಗುಮಾಸ್ತನ ಬದುಕೂ ಇದೇ ತಾನೆ? ಒಂದೇ ವ್ಯತ್ಯಾಸ. ಗುಮಾಸ್ತನಿಗೆ ಲೋಕಲ್ ರೈಲಿನ ಫೋರ್ತ್ ಸೀಟಿನ ಅಂಚಾದರೂ ಸಿಗುತ್ತದೆ. ಜೆಟ್ ಪಾಪ, ಪೂರಾ ಖಾಲಿ ಹಾರಬೇಕು.

ಈ ಅನ್ಯಾಯವನ್ನು ಸರಿಪಡಿಸಲು ನಮ್ಮ ನವಿ ಮುಂಬಯಿ ಮುಂದೆ ಬಂದಿದೆ. ಪನ್ವೇಲ್ ಪಕ್ಕದ ಉಲ್ವೆಯಲ್ಲಿ 1,160 ಹೆಕ್ಟೇರ್ ನೆಲದ ಮೇಲೆ ಎದ್ದಿರುವ ಹೊಸ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಈ ವರ್ಗಕ್ಕೆಂದೇ ಬೇರೆ ಟರ್ಮಿನಲ್, ಹೆಲಿಕಾಪ್ಟರಿಗೆ ಬೇರೆ ನೆಲೆ, ಎಪ್ಪತ್ತೈದು ಜೆಟ್‌ಗಳಿಗೆ ನಿಲ್ಲುವ ಜಾಗ ಎಂದು ನಿಲ್ದಾಣದವರೇ ಸಾರಿದ್ದಾರೆ. ಎಪ್ಪತ್ತೈದು! ನಮ್ಮ ಸೆಕ್ಟರಿನಲ್ಲಿ ರಾತ್ರಿ ಹತ್ತರ ಮೇಲೆ ಒಂದು ಸ್ಕೂಟರ್ ನಿಲ್ಲಿಸಿ ತೋರಿಸಿ ನೋಡೋಣ.

ಬೇಲಾಪುರದ ಸಿಡ್ಕೋ ಭವನದ ಕಿಟಕಿಯ ಮುಂದೆ ಒಂದು ಜೆಟ್ ಸರತಿಯಲ್ಲಿ ನಿಂತ ದೃಶ್ಯ ನನ್ನ ಕಣ್ಣಿಗೆ ಕಟ್ಟುತ್ತದೆ. ರೆಕ್ಕೆ ಮಡಚಿಕೊಂಡು, ಫೈಲು ಹಿಡಿದುಕೊಂಡು.

“ಡೊಮಿಸೈಲ್ ಇದೆಯಾ?”

“ವಿಟಿ ಅಂತ ಶುರುವಾಗುವ ನಂಬರಿದೆ ಸಾಹೇಬರೇ.”

“ಹದಿನೈದು ವರ್ಷದಿಂದ ಮಹಾರಾಷ್ಟ್ರದಲ್ಲಿ ವಾಸ ಇದ್ದದ್ದಕ್ಕೆ ಲೈಟ್ ಬಿಲ್?”

“ಒಂದು ರಾತ್ರಿಯೂ ಮಲಗಲು ಬಿಟ್ಟಿಲ್ಲ, ಅದಕ್ಕೇ ಬಂದೆ.”

“ಆದಾಯದ ದಾಖಲೆ? ಕಡಿಮೆ ಆದಾಯದ ಗುಂಪಾ, ಮಧ್ಯಮಾ?”

“ಕಂಪನಿ ಲೆಕ್ಕದಲ್ಲಿ ನಾನು ಬರೀ ಖರ್ಚು ಸಾಹೇಬರೇ. ಆದಾಯ ಸೊನ್ನೆ.”

“ಹಾಗಾದರೆ ಲಾಟರಿಯಲ್ಲಿ ಆದ್ಯತೆ ಇದೆ. ಮುಂದಿನವರು ಬನ್ನಿ.”

ಇಷ್ಟು ಸಲೀಸಾಗಿ ಜಾಗ ಸಿಕ್ಕಿತಲ್ಲ ಎಂದು ಉಳಿದವರು ಹೊಟ್ಟೆಕಿಚ್ಚು ಪಡಬಾರದು. ಉಳಿದವರು ಎಂದರೆ ಆ ನೆಲದ ಮೂಲ ಒಡೆಯರು, ಆಗ್ರಿ-ಕೋಳಿ ರೈತರು ಮತ್ತು ಮೀನುಗಾರರು. ಸಿಡ್ಕೋ ನೆಲ ತೆಗೆದುಕೊಂಡಾಗ ಕೊಟ್ಟ ಪುಡಿಗಾಸಿನ ವಿರುದ್ಧ 1984ರ ಜನವರಿಯಲ್ಲಿ ಉರಣದ ಜಾಸಯಿ ಬಳಿ ಅವರು ಬೀದಿಗಿಳಿದರು. ಪೊಲೀಸ್ ಗುಂಡಿಗೆ ಐವರು ಸತ್ತರು. ಮುಂದಾಳು ದಿ.ಬಾ. ಪಾಟೀಲ್. ಆ ಹೆಣಗಳ ಮೇಲೆ ಬಂದ ಸೂತ್ರವೇ ಸಾಡೇ ಬಾರಾ ಟಕ್ಕೆ, ಅಂದರೆ ಕೊಟ್ಟ ನೆಲದಲ್ಲಿ ನೂರಕ್ಕೆ ಹನ್ನೆರಡೂವರೆ ಪಾಲು ಅಭಿವೃದ್ಧಿಯಾದ ಪ್ಲಾಟಾಗಿ ವಾಪಸು. ವಿಮಾನ ನಿಲ್ದಾಣಕ್ಕಾಗಿ ಎದ್ದುಹೋದ ಹತ್ತು ಹಳ್ಳಿಗಳಿಗೆ ಅದು ಇಪ್ಪತ್ತೆರಡೂವರೆಗೆ ಏರಿತು. ನೆಲ ಕೊಟ್ಟವನಿಗೆ ಶೇಕಡಾವಾರು ಲೆಕ್ಕ, ಅರ್ಜಿ, ಮೇಲರ್ಜಿ. ನೆಲಕ್ಕೆ ಚಕ್ರ ತಾಗಿಸುವವನಿಗೆ ಕೆಂಪು ಕಾರ್ಪೆಟ್. ಕಾನೂನು ಎಲ್ಲರಿಗೂ ಒಂದೇ, ಇಳಿಯುವ ವೇಗ ಮಾತ್ರ ಬೇರೆ.

ಆ ದಿ.ಬಾ. ಪಾಟೀಲರ ಹೆಸರನ್ನೇ ನಿಲ್ದಾಣಕ್ಕೆ ಇಡಿ ಎಂದು ಊರವರು ಕೇಳಿದರು. ಸಿಡ್ಕೋ ಬಾಳಾಸಾಹೇಬ ಠಾಕ್ರೆಯವರ ಹೆಸರಿನ ಕಡೆ ವಾಲಿದಾಗ, 2021ರ ಜೂನ್‌ನಲ್ಲಿ ಕೊರೋನಾವನ್ನೂ ಲೆಕ್ಕಿಸದೆ ಸಾವಿರಾರು ಜನ ಸಿಡ್ಕೋ ಭವನಕ್ಕೆ ಮುತ್ತಿಗೆ ಹಾಕಿದರು. ಮರುವರ್ಷ ರಾಜ್ಯ ವಿಧಾನಮಂಡಲ ಪಾಟೀಲರ ಹೆಸರಿಗೆ ಒಪ್ಪಿಗೆ ಕೊಟ್ಟು ದೆಹಲಿಗೆ ಕಳಿಸಿತು. 2025ರ ಅಕ್ಟೋಬರ್ 8ರಂದು ಪ್ರಧಾನಿಗಳು ಬಂದು ಉದ್ಘಾಟಿಸಿದಾಗಲೂ ಕೂಸಿಗೆ ಅಧಿಕೃತ ನಾಮಕರಣ ಆಗಿರಲಿಲ್ಲ. ತೊಟ್ಟಿಲು ಮಾತ್ರ ಭರ್ಜರಿ: ಝಾಹಾ ಹದೀದ್ ಸಂಸ್ಥೆಯ ವಿನ್ಯಾಸ, ಕಮಲದ ಆಕಾರ, ಮೊದಲ ಹಂತಕ್ಕೇ ಹತ್ತೊಂಬತ್ತು ಸಾವಿರ ಕೋಟಿಗೂ ಮಿಕ್ಕಿದ ಖರ್ಚು. ಈ ದೇಶದಲ್ಲಿ ಹೂವಿನ ಆಕಾರ ಆರಿಸುವಾಗ ಚರ್ಚೆ ಕಡಿಮೆ ಎನ್ನಿ.

ಇನ್ನು ಕೂಸು ಹೊಟ್ಟೆಯಲ್ಲಿದ್ದ ಕಾಲ. 1997ರಲ್ಲಿ ಕೇಂದ್ರ ಸರ್ಕಾರ ಎರಡನೇ ನಿಲ್ದಾಣಕ್ಕೆ ಜಾಗ ನೋಡಲು ಸಮಿತಿ ಮಾಡಿತು. 2007ರಲ್ಲಿ ಕೇಂದ್ರ ಸಂಪುಟ ತಾತ್ವಿಕವಾಗಿ ಒಪ್ಪಿತು. 2010ರಲ್ಲಿ ಜೈರಾಮ್ ರಮೇಶ್ ಪರಿಸರ ಅನುಮತಿ ಕೊಟ್ಟರು. 2017ರಲ್ಲಿ ಜಿವಿಕೆ ಗುತ್ತಿಗೆ ಗೆದ್ದಿತು. 2018ರ ಫೆಬ್ರವರಿಯಲ್ಲಿ ಶಿಲಾನ್ಯಾಸ. 2019ರ ಕೊನೆಗೆ ವಿಮಾನ ಹಾರುತ್ತದೆ ಎಂಬ ವಾಗ್ದಾನ. 2021ರಲ್ಲಿ ಜಿವಿಕೆ ಕೈಯಿಂದ ಅದಾನಿ ಕೈಗೆ. ಕಡೆಗೆ ಪ್ರಯಾಣಿಕರ ವಿಮಾನ ಇಳಿದದ್ದು 2025ರ ಡಿಸೆಂಬರ್ 25ಕ್ಕೆ. ಇಪ್ಪತ್ತೆಂಟು ವರ್ಷ. ಸಮಿತಿಯಾದ ವರ್ಷ ಹುಟ್ಟಿದ ಐರೋಲಿಯ ಹುಡುಗಿ ಈಗ ಮೈಂಡ್‌ಸ್ಪೇಸ್ ಐಟಿ ಪಾರ್ಕಿನಲ್ಲಿ ಟೀಮ್ ಲೀಡರ್.

ಸರ್ಕಾರ ನಿಧಾನ ಎಂದು ದೂರಬೇಡಿ, ಅದಕ್ಕೆ ಅರ್ಜೆಂಟ್ ಯಾವುದೆಂದು ಗೊತ್ತಿರಬೇಕಷ್ಟೆ. 2024ರ ಫೆಬ್ರವರಿ-ಮಾರ್ಚ್‌ನಲ್ಲಿ ಜಾಮ್‌ನಗರದಲ್ಲಿ ಅಂಬಾನಿ ಮನೆಯ ಮದುವೆಯ ಪೂರ್ವಭಾವಿ ಸಂಭ್ರಮವಿತ್ತು. ಮದುವೆಯಲ್ಲ, ಮದುವೆಗೆ ಮುಂಚಿನದು. ಅಲ್ಲಿನ ವಾಯುಪಡೆಯ ನಿಲ್ದಾಣಕ್ಕೆ ಹತ್ತು ದಿನದ ಮಟ್ಟಿಗೆ ಅಂತಾರಾಷ್ಟ್ರೀಯ ಪಟ್ಟ ಸಿಕ್ಕಿತು. ಕಸ್ಟಮ್ಸ್, ಇಮಿಗ್ರೇಷನ್, ಆರೋಗ್ಯ ತಪಾಸಣೆ ಎಲ್ಲ ಸಿದ್ಧ. ಜುಲೈನ ಮದುವೆಗೆ ನೂರಕ್ಕೂ ಹೆಚ್ಚು ಖಾಸಗಿ ಜೆಟ್ ಓಡಾಡಲಿವೆ ಎಂದು ಚಾರ್ಟರ್ ಕಂಪನಿಯ ಮುಖ್ಯಸ್ಥರೇ ಸುದ್ದಿಸಂಸ್ಥೆಗೆ ಹೇಳಿದ್ದರು. ಉಲ್ವೆಯ ರೈತರು ಬುದ್ಧಿವಂತರಾಗಿದ್ದರೆ 1997ರಲ್ಲೇ ಯಾರಾದರೂ ದೊಡ್ಡವರ ಮನೆಯ ಮದುವೆಯನ್ನು ಗದ್ದೆಯಲ್ಲಿ ಗೊತ್ತು ಮಾಡಬೇಕಿತ್ತು.

ಈ ಇಪ್ಪತ್ತೆಂಟು ವರ್ಷದ ಗರ್ಭವಾಸದಲ್ಲಿ ನಮ್ಮ ಕರ್ನಾಟಕದ ಇಡೀ ವಿಮಾನ ಪುರಾಣ ಶುರುವಾಗಿ ಮುಗಿದೇಹೋಯಿತು. ಆ ಸಮಿತಿ ಕೂತ ಆಸುಪಾಸಿನಲ್ಲೇ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿನಲ್ಲಿ ಹೆಲಿಕಾಪ್ಟರ್ ಬಾಡಿಗೆಗೆ ಬಿಡುವ ಡೆಕ್ಕನ್ ಏವಿಯೇಷನ್ ನಡೆಸತೊಡಗಿದ್ದರು. ಚಾರ್ಟರ್ ಉದ್ಯಮದಲ್ಲಿ ದುಡ್ಡಿದ್ದವರನ್ನು ಹೊತ್ತು ಬೇಸರವಾಯಿತೋ ಏನೋ, 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನ ಬಿಟ್ಟರು. ಆಮೇಲೆ ಒಂದು ರೂಪಾಯಿಗೆ ಟಿಕೆಟ್ ಮಾರಿದರು. ಹವಾಯಿ ಚಪ್ಪಲಿಯವರು ವಿಮಾನ ಹತ್ತಿದ್ದು ಆಗ. ಈಗಿನ ಭಾಷಣಗಳಲ್ಲಿ ಆ ಚಪ್ಪಲಿಗೆ ಬೇರೆ ಒಡೆಯರು ಹುಟ್ಟಿಕೊಂಡಿದ್ದಾರೆ. 2007ರಲ್ಲಿ ಏರ್ ಡೆಕ್ಕನ್ ವಿಜಯ ಮಲ್ಯರ ತೆಕ್ಕೆಗೆ ಹೋಯಿತು, ಕಿಂಗ್‌ಫಿಷರ್ ಕೆಂಪು ಬಳಿದುಕೊಂಡಿತು, 2012ರಲ್ಲಿ ನೆಲ ಕಚ್ಚಿತು.

ಮಲ್ಯರ ಸ್ವಂತದ ಏರ್‌ಬಸ್ 319 ಮಾತ್ರ ಮುಂಬಯಿಯಲ್ಲೇ ಉಳಿಯಿತು. ಬೇರೆ ಕಂಪನಿಗಳು ನೂರಕ್ಕೂ ಹೆಚ್ಚು ಜನರನ್ನು ತುರುಕುವ ವಿಮಾನ ಅದು, ಇವರು ಸುಮಾರು ಎರಡು ಡಜನ್ ಅತಿಥಿಗಳಿಗಾಗಿ ಹದಗೊಳಿಸಿಕೊಂಡಿದ್ದರು. ಸೇವಾ ತೆರಿಗೆ ಇಲಾಖೆ ಜಪ್ತಿ ಮಾಡಿದ ಮೇಲೆ ವರ್ಷಗಟ್ಟಲೆ ಅದೇ ನಿಲ್ದಾಣದಲ್ಲಿ ನಿಂತೇ ಇತ್ತು. ನಿಲ್ದಾಣದವರು ಜಾಗ ಖಾಲಿ ಮಾಡಿಸಿ ಎಂದು ಹೈಕೋರ್ಟಿಗೆ ಅಲೆದರು. ಹರಾಜಿಗೆ ಮೊದಲು 152 ಕೋಟಿ ಕನಿಷ್ಠ ಬೆಲೆ ಇಟ್ಟರು. ಬಂದ ಒಂದೇ ಬಿಡ್ಡು ಒಂದು ಕೋಟಿ ಚಿಲ್ಲರೆ. ಕೂಗಿ ಕೂಗಿ ಗಂಟಲು ಒಣಗಿದ ಮೇಲೆ 2018ರಲ್ಲಿ 34.8 ಕೋಟಿಗೆ ಅಮೆರಿಕದ ಕಂಪನಿಯೊಂದಕ್ಕೆ ಹೋಯಿತು. ಮುಂಬಯಿ ನಿಲ್ದಾಣದ ಅಂಚಿನ ಝೋಪಡಿಗಳ ಮೇಲೆ ಬುಲ್ಡೋಜರ್ ಓಡಿಸುವಾಗ ಒಂದು ವಾರದ ನೋಟಿಸು ಧಾರಾಳ ಎನಿಸುತ್ತದೆ. ಗೋಡೆಯ ಒಳಗೇ ಕೂತಿದ್ದ ಈ ಅತಿಕ್ರಮಣವನ್ನು ಎತ್ತಲು ವರ್ಷಗಳೇ ಬೇಕಾದವು. ಕರ್ನಾಟಕದಿಂದ ರಾಜ್ಯಸಭೆಗೆ ಎರಡು ಸಲ ಹೋದವರ ವಿಮಾನವಲ್ಲವೇ, ಅಭಿಮಾನದಿಂದ ಎದೆ ಉಬ್ಬಿಸೋಣ.

ಸಿರಿವಂತರ ಖಾಸಗಿ ವಿಮಾನ ಎಂದ ಕೂಡಲೇ ಹಲ್ಲು ಕಡಿಯುವವರಿಗೆ ಒಂದು ಹಳೆಯ ಕಥೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಎಂಬ ಶ್ರೀಮಂತರ ಮಗ ಪುಟ್ಟ ಪುಸ್ ಮಾತ್ ವಿಮಾನವನ್ನು ಕರಾಚಿಯಿಂದ ತಾನೇ ಓಡಿಸಿಕೊಂಡು, ಅಹಮದಾಬಾದ್ ಮೇಲೆ ಮುಂಬಯಿಯ ಜುಹೂಗೆ ತಂದಿಳಿಸಿದರು. ಅಲ್ಲಿಂದಾಚೆ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮೇಲೆ ಮದ್ರಾಸಿಗೆ ಹಾರಿದರು. ಒಳಗೆ ಇದ್ದದ್ದು ಅಂಚೆಯ ಚೀಲ, ಊರವರ ಕಾಗದಪತ್ರ. ದುಡ್ಡಿದ್ದವರು ಕೈಯಾರೆ ವಿಮಾನ ಓಡಿಸಿ ಕಂಡವರ ಟಪಾಲು ಹೊತ್ತ ಕಾಲವೊಂದಿತ್ತು. ಬಳ್ಳಾರಿಯ ಆಕಾಶಕ್ಕೆ ಅದರ ನೆನಪು ಎಷ್ಟಿತ್ತೋ, ಎಪ್ಪತ್ತು ವರ್ಷ ಕಳೆದ ಮೇಲೆ ಅಲ್ಲಿ ಹೆಲಿಕಾಪ್ಟರುಗಳು ಹಾರಾಡಿದವು. ಒಳಗೆ ಟಪಾಲು ಇರಲಿಲ್ಲ, ಗಣಿ ಧಣಿಗಳಿದ್ದರು.

ಕನ್ನಡಿಗರು ಹೆಮ್ಮೆಪಡಲು ಇನ್ನೊಂದು ಸಂಗತಿ ಇದೆ. ಡಿಸೆಂಬರ್ 25ರ ಬೆಳಿಗ್ಗೆ ಎಂಟಕ್ಕೆ ಉಲ್ವೆಯಲ್ಲಿ ಇಳಿದ ಮೊಟ್ಟಮೊದಲ ಪ್ರಯಾಣಿಕ ವಿಮಾನ ಬಂದದ್ದು ಬೆಂಗಳೂರಿನಿಂದ. ಇಮ್ಮಡಿ ಪುಲಕೇಶಿ ಹಡಗುಗಳನ್ನು ಕಟ್ಟಿಕೊಂಡು ಬಂದು ಪುರಿಯನ್ನು ಗೆದ್ದದ್ದನ್ನು ಐಹೊಳೆ ಶಾಸನ ಹೇಳುತ್ತದೆ. ಆ ಪುರಿ ಇಲ್ಲೇ ಸಮುದ್ರದಲ್ಲಿರುವ ಘಾರಾಪುರಿ ಎನ್ನುವ ವಿದ್ವಾಂಸರಿದ್ದಾರೆ. ಹದಿನಾಲ್ಕು ಶತಮಾನದ ನಂತರ ಕನ್ನಡಿಗರು ಮತ್ತೆ ಬಂದರು, ಈ ಸಲ ಇಂಡಿಗೋದಲ್ಲಿ, ಕ್ಯಾಬಿನ್ ಬ್ಯಾಗಿನ ತೂಕಕ್ಕೆ ತಗಾದೆ ಮಾಡುತ್ತ. ನಿಲ್ದಾಣದವರು ನೀರಿನ ಪಿರಂಗಿಯಿಂದ ಸ್ವಾಗತಿಸಿದರು. ಪುರಿಯನ್ನು ಕಳೆದುಕೊಂಡ ಕೊಂಕಣದ ಮೌರ್ಯರಿಗೆ ಈ ಉಪಾಯ ಹೊಳೆದಿರಲಿಲ್ಲ.

ಕನ್ನಡಿಗರು ಅದಕ್ಕೂ ಮುಂಚೆಯೇ ಬಂದಿದ್ದರು ಎನ್ನುವುದನ್ನು ಹೇಳಿಬಿಡಬೇಕು. ಬೆಳಿಗ್ಗೆ ನಮ್ಮ ನಾಕಾದಲ್ಲಿ ಕೂಲಿಗೆ ನಿಲ್ಲುವವರಲ್ಲಿ ಕಲಬುರಗಿ, ಯಾದಗಿರಿ ಕಡೆಯವರು ಬೇಕಾದಷ್ಟು. ಸ್ಟೀಲಿನ ಡಬ್ಬಿ ಕಟ್ಟಿದ ಚೀಲವನ್ನು ಹೆಗಲಿಗೆ ಹಾಕಿದ್ದ ಗೌಂಡಿಯೊಬ್ಬನನ್ನು ಮಾತಿಗೆಳೆದೆ.

“ಏರ್‌ಪೋರ್ಟಿನ ಕೆಲಸಕ್ಕ ಹೋಗಿದ್ದಿ ಏನಪ್ಪಾ?”

“ಹೋಗಿದ್ವಿ ರೀ ಸರ. ಅಲ್ಲೊಂದು ದೊಡ್ಡ ಗುಡ್ಡ ಇತ್ರಿ, ಮದ್ದು ಹಾಕಿ ಹಾರಿಸಿದ್ರು. ಹೊಳಿನೂ ಆಕಡಿ ತಿರುವಿದ್ರು. ನಾವು ಗಟಾರ, ಕಂಪೌಂಡು.”

“ಮುಗಿದ ಮ್ಯಾಲ ಒಳಗ ಹೋಗಿ ನೋಡಿದಿ?”

“ಪಾಸ್ ಕಸಗೊಂಡ್ರಲ್ರೀ. ನಾ ಕಟ್ಟಿದ ಕಂಪೌಂಡು ನನಗಾ ಅಡ್ಡ ಆತು.” ನಗುತ್ತ ಎಲೆ-ಅಡಿಕೆ ಉಗುಳಿದ. “ನಮಗ್ಯಾಕ ಬಿಡ್ರಿ, ಕಲ್ಯಾಣದಾಗ ಉದ್ಯಾನ ರೈಲು ಹತ್ತಿದ್ರ ಊರು ಮುಟ್ಟತೀವಿ.”

ಆ ಗುಡ್ಡ ತೊಂಬತ್ತು ಮೀಟರಿನಷ್ಟು ಎತ್ತರವಿತ್ತು. ಜೊತೆಗೆ ಉಲ್ವೆ ನದಿಯ ಪಾತ್ರ ಬದಲಾಯಿತು, ಕಾಂಡ್ಲಾ ಕಾಡೂ ಹೋಯಿತು. ಪರಿಸರ ವರದಿಗಳು ಇದನ್ನೆಲ್ಲ ಸರಿದೂಗಿಸಲಾಗುವುದು ಎಂದಿವೆ. ವರದಿ ಓದಲು ಬಾರದವರೂ ಇದ್ದಾರೆ. ಐರೋಲಿಯ ಖಾಡಿಗೆ ಪ್ರತಿವರ್ಷ ಬರುವ ಫ್ಲೆಮಿಂಗೊಗಳು, ಉದಾಹರಣೆಗೆ. 2024ರ ಮೇ 20ರ ರಾತ್ರಿ ಅವುಗಳ ಗುಂಪೊಂದು ಖಾಡಿಯಾಚೆಯ ಘಾಟ್ಕೋಪರ್ ಮೇಲೆ, ಮುಂಬಯಿಗೆ ಇಳಿಯುತ್ತಿದ್ದ ಎಮಿರೇಟ್ಸ್ ವಿಮಾನಕ್ಕೆ ಎದುರಾಯಿತು. ಮೂವತ್ತಕ್ಕೂ ಹೆಚ್ಚು ಹಕ್ಕಿಗಳು ಬಿಲ್ಡಿಂಗುಗಳ ನಡುವೆ ಉದುರಿದವು. ಸ್ಲಾಟ್ ಪಡೆಯದೆ ಹಾರಿದ್ದು ಅವುಗಳದೇ ತಪ್ಪು.

ಇಷ್ಟಾದರೂ ನಮ್ಮ ಸೊಸೈಟಿಯಲ್ಲಿ ಆಶಾವಾದಕ್ಕೆ ಕೊರತೆಯಿಲ್ಲ. ಚಾರ್ಟರ್ ವ್ಯವಹಾರದಲ್ಲಿ ಎಂಪ್ಟಿ ಲೆಗ್ ಎಂಬುದೊಂದಿದೆ. ಯಜಮಾನರನ್ನು ಇಳಿಸಿದ ಜೆಟ್ ಖಾಲಿ ವಾಪಸಾಗಬೇಕಲ್ಲ, ಆ ಫೇರಿಯನ್ನು ಕಡಿಮೆ ದರಕ್ಕೆ ಮಾರುತ್ತಾರೆ. ಕಡಿಮೆ ಎಂದರೂ ಲಕ್ಷಗಳ ಮಾತು. ಕಳೆದ ಮೀಟಿಂಗಿನಲ್ಲಿ ಇದರ ಪ್ರಸ್ತಾಪ ಬಂತು. ನಾಲ್ಕನೇ ಮಾಳಿಗೆಯ ಶೆಟ್ಟರು, “ಎಂಟು ಮನೆಯವರು ವಂತಿಗೆ ಹಾಕಿದರೆ ಮಂಗಳೂರಿಗೆ ಒಂದು ಸಲ ಹೋಗಿ ಬರಬಹುದಲ್ಲ ಮಾರ್ರೆ” ಎಂದರು. ಬರುವುದು ಹೇಗೆ ಎಂದು ಯಾರೋ ಕೇಳಿದರು. ಖಾಲಿ ಫೇರಿ ಒಂದು ಕಡೆಗೆ ಮಾತ್ರ. ಹಾಗಾದರೆ ಬರುವಾಗ ಮತ್ಸ್ಯಗಂಧ ರೈಲು ಎಂದು ತೀರ್ಮಾನವಾಯಿತು. ವಿಷಯ ಅಲ್ಲಿಗೆ ಬಿದ್ದುಹೋಯಿತು.

ಬೀಳದೆ ಉಳಿದದ್ದು ಪಾರ್ಕಿಂಗಿನ ವಿಷಯ. ನಮ್ಮ ಬಿಲ್ಡಿಂಗಿನ ನಕ್ಷೆ ಬರೆದ ಕಾಲಕ್ಕೆ ಇಲ್ಲಿನವರು ಕಾರು ಕೊಳ್ಳುತ್ತಾರೆಂದು ಸಿಡ್ಕೋಗೆ ಅನ್ನಿಸಿರಲಿಲ್ಲ. ಈಗ ಇಪ್ಪತ್ತು ಮನೆಗೆ ಹದಿನಾಲ್ಕು ಕಾರು, ನಿಲ್ಲಲು ಆರು ಜಾಗ, ವಾರಕ್ಕೊಂದು ಜಗಳ. ಸೆಕ್ರೆಟರಿಯವರು ವಿಮಾನ ನಿಲ್ದಾಣದವರಿಗೆ ಬರೆದ ಪತ್ರದ ಕರಡು ಓದಿ ಹೇಳಿದರು. ಎಪ್ಪತ್ತೈದು ಜಾಗಗಳಲ್ಲಿ ಜೆಟ್ ಬಾರದ ರಾತ್ರಿಗಳಲ್ಲಿ ಸ್ಥಳೀಯ ನಿವಾಸಿಗಳ ವ್ಯಾಗನ್‌ಆರ್ ನಿಲ್ಲಿಸಲು ಅವಕಾಶ ಕೊಡಬೇಕು, ಬೆಳಿಗ್ಗೆ ಏಳರೊಳಗೆ ತೆಗೆಯುವ ಜವಾಬ್ದಾರಿ ನಮ್ಮದು. ಒಂದೇ ಒಂದು ತಿದ್ದುಪಡಿಯೊಂದಿಗೆ ಸರ್ವಾನುಮತದಿಂದ ಪಾಸಾಯಿತು: ಶೆಟ್ಟರ ಟೆಂಪೋವನ್ನೂ ಸೇರಿಸಬೇಕು.