ನೋಟ್‌ಬುಕ್ಕಿನ ಕೊನೆಯ ಪುಟದ ಸೂತ್ರಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸೂತ್ರಗಳೇ,

ಒಂಬತ್ತು, ಹತ್ತನೇ ತರಗತಿಯ ಯಾವ ಮಗುವಿನ ವಿಜ್ಞಾನದ ನೋಟ್‌ಬುಕ್ ತೆಗೆದರೂ ಕೊನೆಯ ಪುಟದಲ್ಲಿ ನೀವಿರುತ್ತೀರಿ. ಕೆಂಪು ಶಾಯಿಯಲ್ಲಿ, ಚೌಕದೊಳಗೆ, ಕೆಲವು ಸಲ ಸ್ಕೆಚ್ ಪೆನ್ನಿನ ಹೂಬಳ್ಳಿಯ ನಡುವೆ. ‘ವಿ ಈಸ್ ಈಕ್ವಲ್ ಟು ಯು ಪ್ಲಸ್ ಎ ಟಿ’ ಎಂದು ಕನ್ನಡ ಮಾಧ್ಯಮದ ಮಕ್ಕಳೂ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಪರೀಕ್ಷೆ ಹತ್ತಿರ ಬಂದಷ್ಟೂ ಈ ಬಾಯಿಪಾಠ ಜೋರಾಗುತ್ತದೆ. ‘ಮಿಸ್, ಫಿಸಿಕ್ಸ್ ಒಂದು ನಮ್ ತಲೆಗೆ ಹತ್ತಲ್ಲ’ ಎನ್ನುವ ಮಾತೂ ಆಗಲೇ ಹೆಚ್ಚುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಾನು ಇವೆರಡನ್ನೂ ಒಟ್ಟೊಟ್ಟಿಗೆ ಕೇಳುತ್ತಾ ಬಂದಿದ್ದೇನೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಕೋರಿಕೆ ಒಂದೇ: ತರಗತಿಗೆ ದಯವಿಟ್ಟು ತಡವಾಗಿ ಬನ್ನಿ.

ನಿಮ್ಮ ಬೆಲೆ ನನಗೆ ಗೊತ್ತು. ಬೀಳುವ ಕಲ್ಲು, ಬ್ರೇಕ್ ಹಾಕಿದ ಬಸ್ಸು, ರಾಕೆಟ್ಟು, ಎಲ್ಲದಕ್ಕೂ ಒಂದೇ ಸಾಲು ಸಾಕು ಎನ್ನುವುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಮಗುವಿನ ಮನಸ್ಸಿನಲ್ಲಿ ಜಾಗ ಖಾಲಿಯಾಗಿದೆ ಎಂದುಕೊಂಡು ನಿಮ್ಮನ್ನು ಅಲ್ಲಿಗೆ ಕಳಿಸುತ್ತೇವಲ್ಲ, ತೊಂದರೆ ಅಲ್ಲಿದೆ. ಆ ಜಾಗ ಖಾಲಿ ಇಲ್ಲ. ನಡೆಯಲು ಕಲಿತ ದಿನದಿಂದ, ಚೆಂಡು ಎಸೆದು ಸೈಕಲ್ ತುಳಿದು ಆ ಮಗು ತನ್ನದೇ ಒಂದು ಭೌತಶಾಸ್ತ್ರ ಕಟ್ಟಿಕೊಂಡಿದೆ. ತುಳಿಯುವುದು ನಿಲ್ಲಿಸಿದರೆ ಸೈಕಲ್ ನಿಲ್ಲುತ್ತದೆ, ಆದ್ದರಿಂದ ಚಲಿಸುವ ವಸ್ತುವಿಗೆ ಬಲ ಬೇಕೇ ಬೇಕು. ಅನುಭವ ಹೇಳಿಕೊಟ್ಟದ್ದನ್ನು ಯಾರು ತಾನೇ ಸುಲಭಕ್ಕೆ ಬಿಟ್ಟುಕೊಡುತ್ತಾರೆ?

ಒಂದು ಚೆಂಡನ್ನು ನೇರ ಮೇಲಕ್ಕೆ ಎಸೆಯಿರಿ. ಅದು ಕೈಬಿಟ್ಟ ಮೇಲೆ ಏರುತ್ತಿರುವಾಗ, ತುತ್ತತುದಿಯಲ್ಲಿರುವಾಗ, ಇಳಿಯುವಾಗ ಅದರ ಮೇಲೆ ಯಾವ ಬಲವಿದೆ, ಬಾಣ ಹಾಕಿ ತೋರಿಸಿ ಎನ್ನಿ. ‘ಎಫ್ ಈಸ್ ಈಕ್ವಲ್ ಟು ಎಂ ಎ’ ಎಂದು ತಡವರಿಸದೆ ಹೇಳುವ ಮಕ್ಕಳೇ ಏರುವ ಚೆಂಡಿಗೆ ಮೇಲ್ಮುಖದ ಬಾಣ ಬರೆಯುತ್ತಾರೆ. ತುದಿಯಲ್ಲಿ ಸೊನ್ನೆ ಎನ್ನುತ್ತಾರೆ. ಕೆಳಮುಖದ ಬಾಣ ಇಳಿಯುವಾಗ ಮಾತ್ರ. ಗಾಳಿಯ ತಡೆಯನ್ನು ಬಿಟ್ಟರೆ ಮೂರೂ ಕಡೆ ಇರುವುದು ಒಂದೇ ಬಲ, ಭೂಮಿಯ ಸೆಳೆತ, ಕೆಳಮುಖವಾಗಿ. ತುದಿಯಲ್ಲಿ ಸೊನ್ನೆಯಾಗುವುದು ವೇಗ ಮಾತ್ರ. ವೇಗೋತ್ಕರ್ಷ ಅಲ್ಲಿಯೂ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್. ಇದನ್ನು ಹೇಳಿದಾಗ ತರಗತಿ ಒಪ್ಪಿದಂತೆ ತಲೆಯಾಡಿಸುತ್ತದೆ. ಮರುವಾರ ಅದೇ ಚಿತ್ರ ಕೊಟ್ಟರೆ ಅದೇ ಮೇಲ್ಮುಖದ ಬಾಣ.

ಇದನ್ನು ದಡ್ಡತನ ಎಂದು ಕರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಹದಿನಾಲ್ಕನೇ ಶತಮಾನದ ಪ್ಯಾರಿಸ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಜಾನ್ ಬುರಿಡಾನ್ ಕೂಡ, ಎಸೆದವನ ಕೈ ಕಲ್ಲಿಗೊಂದು ಶಕ್ತಿ ತುಂಬಿ ಕಳಿಸುತ್ತದೆ ಎಂದೇ ವಾದಿಸಿದ್ದ. ಗೆಲಿಲಿಯೊನೇ 1590ರ ಸುಮಾರಿಗೆ, ಪೀಸಾದಲ್ಲಿ ಯುವ ಅಧ್ಯಾಪಕನಾಗಿದ್ದಾಗ, ಮೇಲಕ್ಕೆಸೆದ ಕಲ್ಲಿನೊಳಗಿನ ಬಲ ಸವೆಯುತ್ತಾ ಹೋಗುತ್ತದೆ ಎಂದು ಬರೆದ. ಅಲ್ಲಿಂದ ಹೊರಬರಲು ಅವನು ಓರೆ ಹಲಗೆಯ ಮೇಲೆ ಗುಂಡುಗಳನ್ನು ಉರುಳಿಸಿದ, ಸಣ್ಣ ಧಾರೆಯಲ್ಲಿ ನೀರು ಹಿಡಿದು ತೂಗಿ ಹೊತ್ತು ಅಳೆದ. ಕೊನೆಗೆ ಬೀಳುವ ವಸ್ತುಗಳ ನಿಯಮವಿರುವ ಪುಸ್ತಕ ಅಚ್ಚಾದದ್ದು 1638ರಲ್ಲಿ, ಅವನ ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ. ನ್ಯೂಟನ್‌ನ ಪ್ರಿನ್ಸಿಪಿಯಾಕ್ಕೆ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು. ಅಷ್ಟು ದೊಡ್ಡ ತಲೆಗಳು ಅಷ್ಟು ಕಾಲ ಎಡವಿದ ಜಾಗವನ್ನು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ದಾಟಬೇಕು ಎನ್ನುತ್ತೇವೆ. ದಾಟಲು ನಾವು ಕೊಡುವುದು ನಿಮ್ಮನ್ನೊಂದೇ.

ಹಳ್ಳಿಯ ಶಾಲೆಗಷ್ಟೇ ಸೇರಿದ ಕಥೆಯಲ್ಲ ಇದು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಝೂರ್ ತಮ್ಮ ವಿದ್ಯಾರ್ಥಿಗಳಿಗೆ ಇಂಥವೇ ಸರಳ ಪ್ರಶ್ನೆ ಕೊಟ್ಟಾಗ ಒಬ್ಬ ವಿದ್ಯಾರ್ಥಿ ಎದ್ದು, ಉತ್ತರವನ್ನು ನೀವು ಕಲಿಸಿದ ಪ್ರಕಾರ ಬರೆಯಲೋ, ನಾನು ನಿಜಕ್ಕೂ ಯೋಚಿಸುವ ಪ್ರಕಾರ ಬರೆಯಲೋ ಎಂದು ಕೇಳಿದ ಪ್ರಸಂಗ ಪ್ರಸಿದ್ಧ. ಆಮೇಲೆ ಅವರು ಪಾಠದ ಕ್ರಮವನ್ನೇ ಬದಲಿಸಿದರು: ಮೊದಲು ಪ್ರಶ್ನೆ, ಪ್ರತಿಯೊಬ್ಬರೂ ಒಂದು ಉತ್ತರಕ್ಕೆ ಕಟ್ಟುಬೀಳುವುದು, ಆಮೇಲೆ ಪಕ್ಕದವರ ಜೊತೆ ವಾದ. ನನ್ನ ತರಗತಿಯಲ್ಲಿ ಮೇಲ್ಮುಖದ ಬಾಣ ಅಲುಗಾಡಿದ್ದೂ ಹಾಗೆಯೇ. ‘ಕೈ ಬಿಟ್ಟಾಯ್ತಲ್ಲೇ, ಇನ್ಯಾರು ತಳ್ತಿದಾರೆ ಅದನ್ನ?’ ಎಂದು ಹಿಂದಿನ ಬೆಂಚಿನ ಹುಡುಗಿ ಗೆಳತಿಯನ್ನು ಕೇಳಿದಳು. ಗೆಳತಿಯ ಬಳಿ ಉತ್ತರವಿರಲಿಲ್ಲ. ಅವಳಾಗಿಯೇ ಬಾಣ ಅಳಿಸಿದಳು. ನಾನು ಹೇಳಿ ಅಳಿಸಿದ್ದರೆ ಅದು ಮರುವಾರ ವಾಪಸ್ ಬರುತ್ತಿತ್ತು.

ಇನ್ನೊಂದು ಕಷ್ಟ ನಿಮ್ಮ ಹೆಸರಿಗೆ ಬರುತ್ತದೆ, ಆದರೆ ಅದು ಗಣಿತದ್ದು. ಪೀನ ಮಸೂರದ ಸಂಗಮದೂರ 10 ಸೆಂಟಿಮೀಟರ್, ವಸ್ತು 15 ಸೆಂಟಿಮೀಟರ್ ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ? ಸೂತ್ರ ಸರಿ, ಋಣ ಚಿಹ್ನೆಯೂ ಸರಿ, ಹತ್ತನೇ ಒಂದರಲ್ಲಿ ಹದಿನೈದನೇ ಒಂದನ್ನು ಕಳೆದದ್ದೂ ಸರಿ. ಕೊನೆಯ ಸಾಲಿನಲ್ಲಿ ಮಗು ‘1/30 ಸೆಂ.ಮೀ.’ ಎಂದು ಬರೆದು ಪೆನ್ನು ಮುಚ್ಚುತ್ತದೆ. ತಲೆಕೆಳಗು ಮಾಡಿ 30 ಎನ್ನಬೇಕಿತ್ತು. ಕೂದಲೆಳೆಯಷ್ಟು ದೂರದಲ್ಲಿ ಪ್ರತಿಬಿಂಬ ಬೀಳುತ್ತದೆಯೇ ಎಂಬ ಅನುಮಾನ ಬಾರದಿರಲು ಕಾರಣ, ಆ ಮಗು ಮಸೂರದ ಪ್ರತಿಬಿಂಬವನ್ನು ಕಣ್ಣಾರೆ ಕಂಡಿಲ್ಲ. ಅಳತೆಗೆ ಸರಿಯಾಗಿ ಕಿರಣಗಳನ್ನು ಎಳೆದು ಚಿತ್ರ ಬರೆದವರು ಈ ತಪ್ಪು ಮಾಡುವುದು ಅಪರೂಪ. ಭಿನ್ನರಾಶಿ ಬಾರದಿದ್ದರೆ ಅದನ್ನೇ ಎರಡು ದಿನ ಕೂರಿಸಿ ಕಲಿಸಬೇಕು, ಭೌತಶಾಸ್ತ್ರಕ್ಕೆ ಹೆದರಿಸಬಾರದು.

ಮಸೂರದ ಪ್ರತಿಬಿಂಬವನ್ನು ಕಾಣಿಸುವುದು ಕಷ್ಟವೂ ಅಲ್ಲ. ಕೋಣೆಯ ಒಂದು ಕಿಟಕಿ ಬಿಟ್ಟು ಉಳಿದದ್ದೆಲ್ಲ ಮುಚ್ಚಿ, ಎದುರಿನ ಗೋಡೆಯ ಹತ್ತಿರ ಭೂತಕನ್ನಡಿ ಹಿಡಿದು ಹಿಂದೆ ಮುಂದೆ ಸರಿಸಿದರೆ ಕಿಟಕಿಯ ಸರಳು, ಹೊರಗಿನ ತೆಂಗಿನ ಗರಿ, ಆಚೆಯ ರಸ್ತೆಯಲ್ಲಿ ಹೋಗುವ ಸ್ಕೂಟರು ಎಲ್ಲವೂ ತಲೆಕೆಳಗಾಗಿ, ಬಣ್ಣದ ಸಮೇತ ಗೋಡೆಯ ಮೇಲೆ ಮೂಡುತ್ತವೆ. ಈಗ ಮಸೂರದ ಅರ್ಧಕ್ಕೆ ಕಪ್ಪು ಕಾಗದ ಅಡ್ಡ ಇಡುತ್ತೇನೆ, ಏನಾಗುತ್ತದೆ ಎಂದು ಕೇಳಿ. ‘ಅರ್ಧ ಕಿಟಕಿ ಹೋಗತ್ತೆ’ ಎಂದು ಇಡೀ ತರಗತಿ ಕೂಗುತ್ತದೆ. ಅಡ್ಡ ಇಟ್ಟರೆ ಕಿಟಕಿ ಪೂರ್ತಿ ಇರುತ್ತದೆ, ಮಸುಕಾಗುತ್ತದೆ ಅಷ್ಟೆ. ತೆಂಗಿನ ಗರಿಯ ಒಂದೊಂದು ತುದಿಯಿಂದಲೂ ಬೆಳಕು ಮಸೂರದ ಎಲ್ಲ ಭಾಗಕ್ಕೂ ಬರುತ್ತಿರುತ್ತದೆ. ಉಳಿದ ಅರ್ಧವೇ ಚಿತ್ರ ಮುಗಿಸುತ್ತದೆ. ಹತ್ತನೇ ತರಗತಿಯ ಪುಸ್ತಕ ಈ ಪ್ರಶ್ನೆ ಕೇಳಿ, ಉತ್ತರವನ್ನು ಪ್ರಯೋಗ ಮಾಡಿ ಪರೀಕ್ಷಿಸಿ ಎಂದೂ ಹೇಳುತ್ತದೆ. ಗೈಡುಗಳು ‘ಹೌದು, ಪೂರ್ಣ ಪ್ರತಿಬಿಂಬ ಉಂಟಾಗುತ್ತದೆ’ ಎಂದು ಒಂದು ಸಾಲು ಕೊಡುತ್ತವೆ. ಮಕ್ಕಳು ಆ ಸಾಲನ್ನೂ ನಿಮ್ಮ ಪಕ್ಕಕ್ಕೇ ಬರೆದಿಟ್ಟುಕೊಳ್ಳುತ್ತಾರೆ.

‘ಇದನ್ನೆಲ್ಲ ಮಾಡ್ತಾ ಕೂತ್ರೆ ಪೋರ್ಷನ್ ಮುಗಿಯೋದು ಯಾವಾಗ?’ ಎನ್ನುತ್ತಾರೆ. ಮೇಲಿನಿಂದ ಬರುವ ಒತ್ತಡ ನನಗೂ ತಿಳಿದದ್ದೇ; ಕಡೇ ಪಕ್ಷ ಸೂತ್ರವಾದರೂ ಬಾಯಿಗೆ ಬರಲಿ, ಪಾಸಾಗಲಿ ಎನ್ನುವ ಸಹೋದ್ಯೋಗಿಗಳ ಕಾಳಜಿಯೂ ಸುಳ್ಳಲ್ಲ. ಆದರೆ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಹದಿನಾರು ಶಾಲೆಗಳಲ್ಲಿ ಒಂದು ಕೆಲಸ ಶುರುವಾಯಿತು. ಮಕ್ಕಳು ಗುಂಪಾಗಿ ಕೂತು ತಾವೇ ಪ್ರಯೋಗ ಮಾಡಿ, ಕಂಡದ್ದನ್ನು ಬರೆದು, ಚರ್ಚಿಸಿ ವಿಜ್ಞಾನ ಕಲಿತರು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಬರೆದರು. 2002ರಲ್ಲಿ ಸರ್ಕಾರ ನಿಲ್ಲಿಸುವವರೆಗೂ ಅದು ಸರ್ಕಾರಿ ಶಾಲೆಗಳಲ್ಲೇ ನಡೆಯಿತು. ಇದನ್ನು ತಿಳಿದ ಮೇಲೆ, ಸಮಯವಿಲ್ಲ, ಹಣವಿಲ್ಲ, ಆದ್ದರಿಂದ ಆಗದು ಎಂಬ ಮಾತನ್ನು ನಾನು ಒಪ್ಪಿಲ್ಲ.

ಸೋಮವಾರ ವಿದ್ಯುಚ್ಛಕ್ತಿಯ ಪಾಠ ಶುರು. ಒಂದೇ ಬಗೆಯ ಎರಡು ಟಾರ್ಚ್ ಬಲ್ಬು, ಎರಡು ಸೆಲ್, ಒಂದಿಷ್ಟು ವೈರು ತಂದಿಟ್ಟಿದ್ದೇನೆ. ಒಂದರ ಹಿಂದೊಂದು ಜೋಡಿಸಿದರೆ ಯಾವ ಬಲ್ಬು ಹೆಚ್ಚು ಬೆಳಗುತ್ತದೆ ಎಂದು ಸ್ವಿಚ್ ಒತ್ತುವ ಮೊದಲೇ ಎಲ್ಲರೂ ಪೆನ್ಸಿಲ್‌ನಲ್ಲಿ ಬರೆಯಬೇಕು. ಬಹಳ ಜನ ಮೊದಲನೆಯದು ಎನ್ನುತ್ತಾರೆ. ಕರೆಂಟ್ ಅಲ್ಲಿ ಖರ್ಚಾಗಿ ಎರಡನೆಯದಕ್ಕೆ ಕಡಿಮೆ ಬರುತ್ತದೆ ಎನ್ನುವುದು ಅವರ ಲೆಕ್ಕ. ಎರಡೂ ಒಂದೇ ಸಮ ಬೆಳಗಿದಾಗ ಎದ್ದೇಳುವ ಗಲಾಟೆಗೆ ಮಂಗಳವಾರ ಪೂರ್ತಿ ಬಿಟ್ಟುಕೊಡುತ್ತೇನೆ. ಬುಧವಾರ ವೈರಿನ ಉದ್ದ ಹೆಚ್ಚಿಸುತ್ತಾ ಕರೆಂಟ್ ಅಳೆಯುತ್ತೇವೆ. ಜಾರ್ಜ್ ಓಮ್ ಮಾಡಿದ್ದೂ ಅದನ್ನೇ. ಆತ ಕಲೋನ್‌ನ ಶಾಲೆಯೊಂದರಲ್ಲಿ ಗಣಿತ, ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟರು. ಬೇರೆ ಬೇರೆ ಉದ್ದದ ತಂತಿಗಳನ್ನು ಒಂದೊಂದಾಗಿ ಜೋಡಿಸಿ ಅಳೆದ ಮೇಲೆ, 1827ರ ಪುಸ್ತಕದಲ್ಲಿ, ನಿಮ್ಮಲ್ಲೊಬ್ಬರನ್ನು ಲೋಕಕ್ಕೆ ಕೊಟ್ಟರು.

ಆದ್ದರಿಂದ ಓಮ್‌ನ ನಿಯಮಕ್ಕೆ ವಿಶೇಷವಾಗಿ ಹೇಳುತ್ತಿದ್ದೇನೆ: ಗುರುವಾರ ಮೂರನೇ ಪೀರಿಯಡ್‌ಗೆ ಬನ್ನಿ. ಅಷ್ಟರಲ್ಲಿ ಮಕ್ಕಳ ಕೈಯಲ್ಲಿ ಅವರೇ ಬರೆದ ಗ್ರಾಫ್ ಇರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಹೈಸ್ಕೂಲಿನ ಒಬ್ಬ ವಿಜ್ಞಾನ ಶಿಕ್ಷಕಿ