ಜಲನಿಮಜ್ಜನ ಮೀಮಾಂಸೆ, ಅಥವಾ ಅಂಕೋಲೆಯವರು ದಿಲಿಗೆ ಮುಳುಗಲು ಹೋಗುವ ಕ್ರಮ

ಉಳಿದ ಶಾಸ್ತ್ರಗ್ರಂಥಗಳು ಮಂಗಳಾಚರಣೆಯಿಂದ ಆರಂಭವಾಗುತ್ತವೆ. ಈ ಗ್ರಂಥ ಸೀನಿನಿಂದ ಆರಂಭವಾಗುತ್ತದೆ. ಹೊರಡುವ ಹೊತ್ತಿಗೆ ಯಾರಾದರೂ ಒಂಟಿ ಸೀನು ಸೀನಿದರೆ ಚಪ್ಪಲಿ ಬಿಟ್ಟು ಒಳಗೆ ಬಂದು, ಕೂತು, ನೀರು ಕುಡಿದು ಹೋಗಬೇಕೆಂಬುದು ಕಾರವಾರ-ಅಂಕೋಲೆಗಳ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ವಿಧಿ. ಇದನ್ನು ಮೂಢನಂಬಿಕೆ ಎಂದು ನಕ್ಕವರು ಸ್ಕೂಬಾ ಶಾಸ್ತ್ರ ಓದಿಲ್ಲ. ನೆಗಡಿಯಾದವನು ಮುಳುಗಕೂಡದು ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಮೈಮೇಲೆ ಇನ್ನೊಂದು ವಾತಾವರಣದಷ್ಟು ಒತ್ತಡ ಕೂರುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಅದನ್ನು ಕಿವಿಯೊಳಗೂ ಸರಿದೂಗಿಸಿಕೊಳ್ಳಬೇಕು. ಮೂಗು ಕಟ್ಟಿದವನಿಗೆ ಇದು ಸಾಧ್ಯವಿಲ್ಲ, ಕಿವಿಯ ತಮಟೆಯೇ ಹರಿದೀತು. ಆದ್ದರಿಂದ ಸೀನು ಪ್ರಮಾಣ. ಹಿರಿಯರು ಸಿಲಿಂಡರ್ ಇಲ್ಲದೆಯೇ ಇದನ್ನು ಕಂಡುಕೊಂಡಿದ್ದರು ಎಂಬಲ್ಲಿಗೆ ಮೊದಲ ಅಧಿಕರಣ ಮುಗಿಯಿತು.

ಇನ್ನು ವಿಷಯ. 'ಯಾರೂ ಹೋಗದ ದೇಶಕ್ಕೆ ಹೋಗಿ ಸ್ಕೂಬಾ ಮಾಡಬೇಕು' ಎಂದು ಬೆಂಗಳೂರಿನಿಂದ ರಜೆಗೆ ಬಂದ ಮಗ ಊಟದ ಹೊತ್ತಿಗೆ ಘೋಷಿಸುತ್ತಾನೆ. ಯಾರೂ ಹೋಗದ ದೇಶ ಎಂದರೇನು? ಲಕ್ಷಣ ಹೇಳದೆ ಲಕ್ಷ್ಯಕ್ಕೆ ಕೈಹಾಕಬಾರದು. ನಮ್ಮ ಜಿಲ್ಲೆಯ ಮಟ್ಟಿಗೆ, ಬಂಧುಗಳ ಪೈಕಿ ಒಬ್ಬರೂ ನೌಕರಿಗಿಲ್ಲದ ದೇಶವೇ ಯಾರೂ ಹೋಗದ ದೇಶ. ಈ ಲಕ್ಷಣದಿಂದ ಕುವೈತ್, ಮಸ್ಕತ್, ಬಹರೇನ್, ದುಬೈಗಳು ತಕ್ಷಣ ಬಿದ್ದುಹೋಗುತ್ತವೆ. ಅಲ್ಲಿ ಮುಳುಗಿದರೆ ಮೇಲೆ ಬರುವಷ್ಟರಲ್ಲಿ ಭಟ್ಕಳದವರು ಯಾರಾದರೂ ದಡದಲ್ಲಿ ನಿಂತು 'ಊರು ಯಾವುದು?' ಎಂದು ಕೇಳುತ್ತಾರೆ.

ಆದರೆ ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವಿದೆ, ಅಂಜದೀವ್ ಕೂಡ ಅದರೊಳಗೆ ಬಂದು ಕೂರುತ್ತದೆ. ಬಿಣಗಾದ ದಂಡೆಯಿಂದ ಬರಿಗಣ್ಣಿಗೆ ಕಾಣುವ ಈ ದ್ವೀಪ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರದಾಗಿತ್ತು. ಅಂದರೆ ಭಾರತ ಸ್ವತಂತ್ರವಾದ ಮೇಲೂ ಹದಿನಾಲ್ಕು ವರ್ಷ ಕಾರವಾರದವರು ಬೆಳಿಗ್ಗೆ ಹಲ್ಲುಜ್ಜುತ್ತ ಪರದೇಶ ನೋಡುತ್ತಿದ್ದರು. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ತಂಗಿದ್ದ, 1505ರಲ್ಲಿ ಅಲ್ಮೇಡಾ ಕೋಟೆ ಕಟ್ಟಿಸಿದ. ಅದನ್ನು ಬಿಡಿಸಿಕೊಳ್ಳಲು ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ಆಡಳಿತದ ಲೆಕ್ಕದಲ್ಲಿ ದ್ವೀಪ ಇಂದಿಗೂ ಗೋವಾದ್ದು, ಬಳಕೆಯಲ್ಲಿ ನೌಕಾನೆಲೆಯದು. ಸಾಮಾನ್ಯರಿಗೆ ಪ್ರವೇಶವಿಲ್ಲ. ಹೀಗೆ ಜಗತ್ತಿನ ಅತ್ಯಂತ ದುರ್ಗಮ ಸ್ಥಳವೊಂದು ನಮ್ಮ ಅಂಗಳದಲ್ಲೇ ಇರುವಾಗ ವಿಮಾನ ಹತ್ತುವುದೇಕೆ ಎಂಬುದು ಪೂರ್ವಪಕ್ಷ. ಕಾಣುವುದಕ್ಕೆ ಬರುತ್ತದೆ, ಹೋಗುವುದಕ್ಕೆ ಬಾರದು, ಆದ್ದರಿಂದಲೇ ವಿಮಾನ ಎಂಬುದು ಅದಕ್ಕೆ ಉತ್ತರ.

ನೇತ್ರಾಣಿಯನ್ನೂ ಇಲ್ಲೇ ವಿಲೇವಾರಿ ಮಾಡಬೇಕು. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಈ ದ್ವೀಪದ ಸುತ್ತ ನೀರು ತಿಳಿ. ಕಾಳಿ, ಗಂಗಾವಳಿಗಳು ಹೊತ್ತುತರುವ ಕೆಸರು ಅಷ್ಟು ದೂರ ಮುಟ್ಟುವುದಿಲ್ಲ. ಸ್ಕೂಬಾಕ್ಕೆ ಅದು ಉತ್ತಮ ಕ್ಷೇತ್ರವೇ. ಆದರೆ ಅಲ್ಲಿಗೆ ಬೆಂಗಳೂರಿನವರೆಲ್ಲ ಶನಿವಾರ-ಭಾನುವಾರ ಬಂದುಹೋಗುತ್ತಾರೆ, ಪಕ್ಕದ ಮನೆಯವರೂ ಹೋಗಿಬಂದು ಫೋಟೋ ಹಾಕಿದ್ದಾರೆ. ಪಕ್ಕದ ಮನೆಯವರು ಮುಳುಗಿದ ನೀರಿನಲ್ಲಿ ಮುಳುಗುವುದು ಪುನರುಕ್ತಿ ದೋಷ.

ಹಾಗಾಗಿ ತೀಮೋರ್-ಲೆಸ್ತೆ. ರಾಜಧಾನಿ ದಿಲಿ (ಲಕಾರಕ್ಕೆ ಒತ್ತಿಲ್ಲ, ಅಲ್ಲಿ ಸಂಸತ್ತಿನ ಅಧಿವೇಶನ ನೋಡಲು ಹೋಗುತ್ತಿಲ್ಲ). 2002ರ ಮೇ 20ರಂದು ಸ್ವತಂತ್ರವಾದ ದೇಶ. ದಿಲಿಯೆದುರು ಸಮುದ್ರದಲ್ಲಿ ಅತೌರೊ ದ್ವೀಪವಿದೆ. 2016ರಲ್ಲಿ ವಿಜ್ಞಾನಿಗಳು ಅಲ್ಲಿ ಮುಳುಗಿ ಎಣಿಸಿದಾಗ ಒಂದೊಂದು ತಾಣಕ್ಕೆ ಸರಾಸರಿ 253 ಜಾತಿಯ ಹವಳದಿಬ್ಬದ ಮೀನು ಸಿಕ್ಕವು. ಈ ಸರಾಸರಿ ಬೇರೆಲ್ಲೂ ಕಂಡಿರಲಿಲ್ಲ ಎಂದು ಅವರು ವರದಿ ಮಾಡಿದರು. ಕಾರವಾರದ ಮೀನುಪೇಟೆಯ ವಿದ್ವತ್ಸಭೆ ಈ ಸಂಖ್ಯೆಯನ್ನು ಒಪ್ಪುವುದಿಲ್ಲ. ಅಲ್ಲಿನ ವರ್ಗೀಕರಣದಲ್ಲಿ ಮೀನಿಗೆ ಹುರಿಯುವುದು, ಸಾರಿಗೆ ಹಾಕುವುದು, ಒಣಗಿಸುವುದು ಎಂಬ ಮೂರೇ ಕುಲ. ಲಿನೇಯಸ್ ಇದನ್ನು ಕಲಿಯದೆ ಸತ್ತ.

ತೀಮೋರ್ ನಮಗೆ ಪೂರ್ತಿ ಪರದೇಶವೂ ಅಲ್ಲ ಎಂದು ಪ್ರಬಂಧಕಾರನ ಮತ. ಪೋರ್ಚುಗೀಸರು ಆ ದ್ವೀಪಕ್ಕೆ ಹೋದದ್ದು ಶ್ರೀಗಂಧಕ್ಕಾಗಿ, ನಮ್ಮ ಮಲೆನಾಡಿನ ಗಂಧದ ಜಾತಿಯೇ. 1844ರವರೆಗೆ ಅದರ ಆಡಳಿತ ನಡೆದದ್ದು ಗೋವಾದಿಂದ. ಎಂದರೆ ಅಂಜದೀವ್‌ಗೂ ದಿಲಿಗೂ ಒಬ್ಬನೇ ಯಜಮಾನ, ಕಡತ ಹೋಗುತ್ತಿದ್ದದ್ದು ಒಂದೇ ಕಚೇರಿಗೆ. ಅಂಜದೀವ್‌ಗೆ ಬಿಡದಿದ್ದರೆ ದಿಲಿಗೆ ಹೋಗುವುದು, ಮುಚ್ಚಿದ ಕೌಂಟರಿನಿಂದ ಪಕ್ಕದ ಕೌಂಟರಿಗೆ ಸರಿದಂತೆ. ಇನ್ನೊಂದು ಸಾಮ್ಯವೂ ಉಂಟು: ತೀಮೋರಿನ ಜನ ಮೊಸಳೆಯನ್ನು 'ಅಜ್ಜ' ಎಂದು ಕರೆಯುತ್ತಾರೆ. ಅವರ ಐತಿಹ್ಯದಲ್ಲಿ ದ್ವೀಪವೇ ಒಂದು ಮುದಿ ಮೊಸಳೆ. ಕಡಲಲ್ಲೂ ಈಜುವ ಉಪ್ಪುನೀರಿನ ಮೊಸಳೆ ಅದು, ದಾಂಡೇಲಿಯ ಕಾಳಿಯಲ್ಲಿ ಬಂಡೆಯ ಮೇಲೆ ಬಿಸಿಲು ಕಾಯಿಸುವಷ್ಟಕ್ಕೆ ತೃಪ್ತಿಪಡುವ ನಮ್ಮದರಂತಲ್ಲ. ಆದ್ದರಿಂದ 'ಅಜ್ಜ ಬಂದ' ಎಂದು ಯಾರಾದರೂ ಕೂಗಿದರೆ ನಮಸ್ಕಾರಕ್ಕೆ ಬಗ್ಗತಕ್ಕದ್ದಲ್ಲ, ದೋಣಿ ಹತ್ತತಕ್ಕದ್ದು.

ಉಪಕರಣಗಳ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. 12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ 2400 ಲೀಟರ್. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ದಡದಲ್ಲಿ ಎರಡು ಗಂಟೆ ಸಾಲುವ ಗಾಳಿ 20 ಮೀಟರ್ ಆಳದಲ್ಲಿ 40 ನಿಮಿಷಕ್ಕೇ ಮುಗಿಯುತ್ತದೆ. ಆ 40 ನಿಮಿಷ ಮಾತಾಡುವಂತಿಲ್ಲ, ನಮ್ಮವರಿಗೆ ಗಾಳಿಗಿಂತ ಇದೇ ಕಷ್ಟ. ಉಪ್ಪುನೀರು ಮೇಲಕ್ಕೆ ನೂಕುವುದರಿಂದ ಸೊಂಟಕ್ಕೆ ಸೀಸದ ತೂಕ ಕಟ್ಟಿಕೊಳ್ಳಬೇಕು. 1930ರ ಏಪ್ರಿಲ್‌ನಲ್ಲಿ ಇದೇ ಕಡಲ ಉಪ್ಪಿಗಾಗಿ ಬ್ರಿಟಿಷರ ಕಾಯ್ದೆ ಮುರಿದ ಅಂಕೋಲೆಯವರ ಮೊಮ್ಮಕ್ಕಳು ಉಪ್ಪನ್ನು ಸೋಲಿಸಲು ಸೀಸ ಬಾಡಿಗೆಗೆ ತರುವುದು ಕಾಲಮಹಿಮೆ. ಮುಳುಗಿದ ಮೇಲೆ 18 ಗಂಟೆ ವಿಮಾನ ಹತ್ತಬಾರದೆಂಬ ನಿಯಮವೂ ಇದೆ, ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗದಿರಲೆಂದು. ಇದಕ್ಕೆ ನಮ್ಮವರು ಹೆದರಬೇಕಿಲ್ಲ. ನೆಂಟರ ಮನೆಯಿಂದ 'ಹೊರಟೆವು' ಎಂದ ಮೇಲೆ ಬಾಗಿಲಲ್ಲಿ ನಿಂತು ಮಾತು ಮುಗಿಸಲು ನಮಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು.

ಇಷ್ಟೂ ಕೇಳಿಸಿಕೊಂಡು ಆಯಿ ಎತ್ತಿದ ಆಕ್ಷೇಪ ಮಾತ್ರ ಗಂಭೀರವಾದದ್ದು: "ಹಿಡಿಯೂಕೂ ಇಲ್ಲ, ತಿಂಬೂಕೂ ಇಲ್ಲ, ಮತ್ತೆ ಎಂತಕ್ಕೆ ಹೋಗೂದು ತಮಾ?" ಪ್ರಬಂಧಕಾರ ಇದಕ್ಕೆ ಗ್ರಂಥದ ಕೊನೆಯವರೆಗೂ ಉತ್ತರ ಹುಡುಕುತ್ತಾನೆ.

ನಿಜವಾದ ತೊಡಕು ಕಾಲನಿರ್ಣಯದ್ದು. ದಿಲಿಯಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ. ಆ ತಿಂಗಳುಗಳು ಹೋದವು. ಮೇ ತಿಂಗಳಲ್ಲಿ ಅಂಕೋಲೆಯ ಬಂಡಿಹಬ್ಬ, ಭೂಮ್ತಾಯಿಯನ್ನು ಬಿಟ್ಟು ಹೋಗುವಂತಿಲ್ಲ. ಜೊತೆಗೆ ಕರಿ ಇಶಾಡ. 2023ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಈ ಮಾವು ಬುಟ್ಟಿಗೆ ಬರುವ ದಿನಗಳಲ್ಲಿ ಊರು ಬಿಡುವುದು ಪ್ರಾಯಶ್ಚಿತ್ತವಿಲ್ಲದ ಪಾಪ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕಡಲಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೈತ್‌ಖೋಲ್ ಬಂದರಿನಲ್ಲಿ ದೋಣಿಗಳು ಕಟ್ಟಿಕೊಂಡಿರುತ್ತವೆ. ಅದೇ ಹೊತ್ತಿಗೆ ದಿಲಿಯಲ್ಲಿ ಒಣಹವೆ, ಕಡಲು ತಿಳಿ. ನಮ್ಮ ಕಡಲು ಬಾಗಿಲು ಹಾಕಿದಾಗ ಅವರದು ತೆರೆದಿರುತ್ತದೆ. ಇದಕ್ಕಿಂತ ಪ್ರಶಸ್ತ ಮುಹೂರ್ತ ಸಿಗದು ಎಂದುಕೊಳ್ಳುವಷ್ಟರಲ್ಲಿ ಗದ್ದೆ ನಾಟಿ, ಮಕ್ಕಳ ಶಾಲೆ, ಸೋರುವ ಮಾಡು. ಆಗಸ್ಟ್‌ಗೆ ನೂಲ ಹುಣ್ಣಿಮೆ, ಕಡಲಿಗೆ ತೆಂಗಿನಕಾಯಿ ಕೊಡಬೇಕು. ಆಮೇಲೆ ಚೌತಿ. ಚೌತಿಗೆ ಮುಂಬಯಿಯಲ್ಲಿದ್ದವರೇ ಬಂದು ಸೇರುವಾಗ ಇದ್ದವರು ಎಲ್ಲಿಗೆ ಹೋಗುವುದು? ಬಳಿಕ ನವರಾತ್ರಿ, ದೀಪಾವಳಿ, ತುಳಸಿ ಲಗ್ನ. ಅಲ್ಲಿಗೆ ದಿಲಿಯಲ್ಲಿ ಮತ್ತೆ ಮಳೆ ಹನಿಯುತ್ತದೆ.

ಹನ್ನೆರಡೂ ತಿಂಗಳು ತುಂಬಿರುವಾಗ ಗತಿಯೇನು? ಹದಿಮೂರನೆಯದೇ ಗತಿ. ಸುಮಾರು 32 ತಿಂಗಳಿಗೊಮ್ಮೆ ಪಂಚಾಂಗ ಒಂದು ಅಧಿಕ ಮಾಸವನ್ನು ದಯಪಾಲಿಸುತ್ತದೆ. ಅದರಲ್ಲಿ ಹಬ್ಬವಿಲ್ಲ, ಮದುವೆ-ಮುಂಜಿಗಳ ಕರೆಯೋಲೆಯಿಲ್ಲ. ಅದು ಹೆಚ್ಚಾಗಿ ಬರುವುದು ಚೈತ್ರದಿಂದ ಆಶ್ವಿನದೊಳಗೆ, ಎಂದರೆ ಬಹುಮಟ್ಟಿಗೆ ದಿಲಿಯ ಒಣಹವೆಯ ಕಾಲದಲ್ಲೇ. (ಜ್ಯೇಷ್ಠ ಅಧಿಕವಾದ ವರ್ಷ ಸ್ವಲ್ಪ ಎಚ್ಚರ ಬೇಕು, ಇಶಾಡಕ್ಕೆ ಪಂಚಾಂಗ ಓದಲು ಬರುವುದಿಲ್ಲ.)

ಅಧಿಕ ಮಾಸದಲ್ಲಿ ಶುಭಕಾರ್ಯ ನಿಷಿದ್ಧವಲ್ಲವೇ ಎಂದರೆ, ಇದು ಶುಭಕಾರ್ಯವೆಂದು ಯಾರು ಹೇಳಿದರು? ಆ ಮಾಸಕ್ಕೆ ಹೇಳಿದ್ದು ಸ್ನಾನ, ದಾನ, ವ್ರತ. 18 ಮೀಟರ್ ಆಳದ ಸಮುದ್ರಸ್ನಾನ ಸ್ನಾನವೇ. ಅದಕ್ಕೆ ಡಾಲರಿನಲ್ಲಿ ತೆರುವುದು ದಾನವೇ, ತಿರುಗಿ ಬರುವುದಿಲ್ಲವಾದ್ದರಿಂದ. ಇನ್ನು 253 ಜಾತಿಯ ಮೀನು ಕಣ್ಣೆದುರು ಸುಳಿಯುವಾಗ ಒಂದನ್ನೂ ತಿನ್ನದೆ ಮೇಲೆ ಬರುವುದಕ್ಕಿಂತ ಕಠಿಣವಾದ ವ್ರತ ಕರಾವಳಿಯಲ್ಲಿ ಹುಟ್ಟಿದವನಿಗೆ ಇನ್ನಾವುದಿದೆ? ಆಯಿಯ ಆಕ್ಷೇಪಕ್ಕೆ ಇದೇ ಉತ್ತರ. ಆಕೆ ಇದನ್ನು ಒಪ್ಪಿದ್ದಾಳೆ.

ಒಪ್ಪಿ, ಒಂದು ಷರತ್ತು ಸೇರಿಸಿದ್ದಾಳೆ. ಅಧಿಕ ಮಾಸದಲ್ಲಿ ಅಳಿಯನನ್ನು ಕರೆದು 33 ಅಪೂಪ ಕೊಡುವ ಪದ್ಧತಿಯಿದೆ, ಅದು ತಪ್ಪಕೂಡದು. ಹಾಗಾಗಿ ಅಳಿಯನನ್ನೂ ದಿಲಿಗೆ ಕರೆದೊಯ್ಯತಕ್ಕದ್ದು, ಅಪೂಪಗಳನ್ನು ಅವನ ಸಾಮಾನಿನ ತೂಕಕ್ಕೇ ಸೇರಿಸತಕ್ಕದ್ದು. ಸ್ಕೂಬಾ ಪ್ರಮಾಣಪತ್ರಕ್ಕೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಅಳಿಯ ಘಟ್ಟದ ಮೇಲಿನ ಶಿರಸಿ ಕಡೆಯವನಾಗಿದ್ದು ಈಜು ಬಾರದಿದ್ದರೆ, ಮುಂದಿನ ಅಧಿಕ ಮಾಸದವರೆಗೆ ಅವನಿಗೆ ಈಜು ಕಲಿಸತಕ್ಕದ್ದು. ಅದರ ವಿಧಿ ಬೇರೆ ಗ್ರಂಥದಲ್ಲಿದೆ. ಆ ಗ್ರಂಥ ಕೆರೆಯ ಕುರಿತದ್ದು, ಅದಕ್ಕೆ ಸೋರೆಬುರುಡೆ ಬೇಕು.